ಬರೇ ಕೊಟ್ಟೂರಪ್ಪ

ಹಾರ ಹಿಡಿದುಕೊಂಡು ಒಳಗೆ ನುಗ್ಗಿದ ಏಳೆಂಟು ಮಂದಿ ಹೆಣದ ಮುಖ ಕಂಡವರೇ ಗಕ್ಕನೆ ನಿಂತುಬಿಟ್ಟರು. ಮುಂದಿದ್ದ ಕರಿಕೋಟಿನವನು ಎತ್ತಿದ ಹಾರವನ್ನು ಹಾಕಲೂ ಆಗದೆ ಇಳಿಸಲೂ ಆಗದೆ, ಹಿಂದಿದ್ದವನ ಕಡೆ ತಿರುಗಿ, "ಇವ್ರಲ್ಲೋ" ಎಂದು ಪಿಸುಗುಟ್ಟಿದ.

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ಪಕ್ಕದಲ್ಲಿ ಸುವರ್ಣಮ್ಮ ವಿಭೂತಿಗಟ್ಟಿ ಹಿಡಿದು ಕೂತಿದ್ದಳು. ನಿನ್ನೆ ಬೆಳಿಗ್ಗೆ ರೊಟ್ಟಿ ಕಟ್ಟಿಸಿಕೊಂಡು ಬಾದನಹಟ್ಟಿಗೆ ಹೋದ ಮನುಷ್ಯ. ಯಾರದೋ ಮನೆಯ ಬೀಸುವ ಕಲ್ಲು ಸವೆದು ನುಣುಪಾಗಿತ್ತು, ಅದಕ್ಕೆ ಉಳಿ ಹೊಡೆದು ಒರಟು ಮಾಡಿಕೊಡಬೇಕಿತ್ತು. ಅರ್ಧ ಕಲ್ಲು ಮುಗಿಸಿ ನೀರು ಕೇಳಿದನಂತೆ. ನೀರು ತರುವಷ್ಟರಲ್ಲಿ ಕಲ್ಲಿನ ಮೇಲೆ ಬಾಗಿದವನು ಮತ್ತೆ ಏಳಲಿಲ್ಲ. ನಲವತ್ತೈದೂ ತುಂಬಿರದ ಗಟ್ಟಿ ಆಳು, ಒಂದು ದಿನ ತಲೆನೋವು ಅಂತ ಮಲಗಿದವನಲ್ಲ. ಚಕ್ಕಡಿಯಲ್ಲಿ ತಂದು ಇಳಿಸಿದಾಗಿನಿಂದ ಸುವರ್ಣಮ್ಮನ ಕಣ್ಣಿಂದ ಒಂದು ಹನಿ ಬಿದ್ದಿರಲಿಲ್ಲ. ಈಗ ನೋಡಿದರೆ ಯಾರೋ ಬಳ್ಳಾರಿಯ ದೊಡ್ಡಮಂದಿ ಹಾರ ಹಿಡಿದು ಬಂದು ಇವರಲ್ಲ ಅನ್ನುತ್ತಿದ್ದಾರೆ.

ಆದದ್ದು ಇಷ್ಟೆ. ಕುರುಗೋಡಿನಲ್ಲಿ ಕೊಟ್ಟೂರಪ್ಪ ತೀರಿಕೊಂಡ ಅಂತ ಮೊದಲ ಬಸ್ಸಿನ ಡ್ರೈವರ್ ಬಳ್ಳಾರಿಗೆ ಸುದ್ದಿ ಮುಟ್ಟಿಸಿದ್ದ. ವಕೀಲ ಕೊಟ್ಟೂರಪ್ಪನವರ ಹುಟ್ಟೂರು ಇದೇ. ಕೇಸಿಗೆಂದು ಸಿರುಗುಪ್ಪಕ್ಕೆ ಹೋದವರು ರಾತ್ರಿ ಮನೆಗೆ ತಿರುಗಿ ಬಂದಿರಲೂ ಇಲ್ಲ. ಅಷ್ಟು ಸಾಕಾಯಿತು. ಯಾವ ಕೊಟ್ಟೂರಪ್ಪ ಅಂತ ಅಷ್ಟು ಓದಿದವರಲ್ಲಿ ಒಬ್ಬನಾದರೂ ಕೇಳಬೇಕಿತ್ತೋ ಇಲ್ಲವೋ, ನೀವೇ ಹೇಳಿ.

ಯಾಕೆಂದರೆ ಈ ಸೀಮೆಯಲ್ಲಿ ಕೊಟ್ಟೂರಪ್ಪ ಅಂತ ಕೂಗಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಮಕ್ಕಳು ಉಳಿಯದ ಮನೆಯವರು ಕೊಟ್ಟೂರ ದೇವರಿಗೆ ಹರಕೆ ಹೊರುತ್ತಾರೆ, ಹುಟ್ಟಿದ ಗಂಡಿಗೆ ಆ ಹೆಸರೇ ಇಡುತ್ತಾರೆ. ಬಳ್ಳಾರಿ ಕೋರ್ಟಿನಲ್ಲಿ ಜಡ್ಜಿಯೂ ಕಿವಿಗೊಟ್ಟು ಕೇಳುವ ವಕೀಲ ಕೊಟ್ಟೂರಪ್ಪ. ರಾಜನ ವೇಷ ಹಾಕಿ ನಿಂತರೆ ಜನ ಉಸಿರು ಬಿಗಿಹಿಡಿಯುವ ಸಿರುಗುಪ್ಪದ ನಾಟಕದ ಕೊಟ್ಟೂರಪ್ಪ. ಇವನೊಬ್ಬ ಕಲ್ಲು ಕುಟ್ಟುವವನು. ಯಾವ ಕೊಟ್ಟೂರಪ್ಪ ಅಂತ ಯಾರಾದರೂ ಕೇಳಿದರೆ ಊರವರು, ಯಾವನೂ ಅಲ್ಲ, ಬರೇ ಕೊಟ್ಟೂರಪ್ಪ ಅನ್ನುತ್ತಿದ್ದರು.

ಕರಿಕೋಟಿನವರು ಹಾರ ಬುಟ್ಟಿಗೆ ಇಳಿಸಲು ನೋಡಿದರು. ಪಕ್ಕದ ಮನೆಯ ಮುದುಕಿ ದೊಡ್ಡಬಸಮ್ಮ ಬಿಡಲಿಲ್ಲ.

"ತಂದದ್ದು ಹಾಕ್ರಿ. ಸತ್ತಾವನ ಮುಂದ ತಂದ ಹೂವ ತಿರುಗಿ ಒಯ್ಯತೀರೇನು?"

ಹಾಕಿದರು ಪಾಪ, ಒಂದರ ಮೇಲೊಂದು, ಗದ್ದ ಮುಚ್ಚುವಷ್ಟು. ಮದುವೆಯ ದಿನ ಬಿಟ್ಟರೆ ಈ ಕೊರಳಿಗೆ ಹಾರ ಬಿದ್ದದ್ದು ಇದೇ ಮೊದಲು ಅಂತ ಸುವರ್ಣಮ್ಮ ಲೆಕ್ಕ ಹಾಕಿದಳು.

ಅವರು ಹೊರಗೆ ಕಟ್ಟೆಯ ಮೇಲೆ ಕೂತು ವಕೀಲರು ಹಾಗಾದರೆ ಎಲ್ಲಿ ಅಂತ ತಲೆಕೆಡಿಸಿಕೊಂಡಿರುವಾಗ ಊರ ಲೆಕ್ಕದ ಕರಣಂ ವೆಂಕಣ್ಣ ಹುಟ್ಟುಸಾವಿನ ಪುಸ್ತಕ ಹಿಡಿದು ಬಂದ. ಗೊತ್ತಿದ್ದೂ ಕೇಳಬೇಕಾದದ್ದು ಅವನ ಕೆಲಸ. "ತೀರಿಕೊಂಡವ್ರ ಹೆಸರು?" ಅಂದ. ಸುವರ್ಣಮ್ಮ ತಲೆ ತಗ್ಗಿಸಿದಳು. ಗಂಡನ ಹೆಸರು ಬಾಯಲ್ಲಿ ತಂದರೆ ಅವನ ಆಯುಷ್ಯ ಕಮ್ಮಿ ಅಂತ ತಾಯಿ ಹೇಳಿಕೊಟ್ಟಿದ್ದಳು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆಕೆ ತಂದಿರಲಿಲ್ಲ. ಆಯುಷ್ಯವೇ ಮುಗಿದ ಮೇಲೆ ಇನ್ನೇನು ಕಮ್ಮಿಯಾಗುವುದಿತ್ತು? ಆದರೂ ನಾಲಿಗೆ ಏಳಲಿಲ್ಲ. ದೊಡ್ಡಬಸಮ್ಮ ಹೇಳಿದಳು, ವೆಂಕಣ್ಣ ಬರೆದುಕೊಂಡ. ಹತ್ತು ವರ್ಷದ ಹಿಂದೆ ಇದೇ ಹೊಸ್ತಿಲಲ್ಲಿ ಇದೇ ಪ್ರಶ್ನೆಗೆ ಹೀಗೇ ತಲೆ ತಗ್ಗಿಸಿದ್ದು ಆಕೆಗೆ ನೆನಪಾಯಿತು.

*

ಅದು ಚಳವಳಿ ಎದ್ದ ವರ್ಷ. ಸಿರುಗುಪ್ಪದ ನಾಟಕ ಕಂಪನಿ ಕುರುಗೋಡಿನ ಹೊರಗೆ ಡೇರೆ ಹೊಡೆದು ತಿಂಗಳಾಗಿತ್ತು. ನಾಟಕದ ಕೊಟ್ಟೂರಪ್ಪ ರಾಜನ ಪಾರ್ಟಿನಲ್ಲಿ ನಿಂತು, ಕತೆಯಲ್ಲಿ ಇಲ್ಲದ ಮಾತು ಸೇರಿಸಿ ಬಿಳಿಯರ ಸರ್ಕಾರವನ್ನು ಬೈದು ಹಾಡುತ್ತಿದ್ದ. ಕೇಳಿದ ಹುಡುಗರು ತಂತಿ ಕಂಬ ಉರುಳಿಸಿದರು. ಮರುದಿನ ಪೊಲೀಸರು ಬಂದರು. ಅವರಿಗೆ ಅವನ ಬಣ್ಣ ಹಚ್ಚಿದ ಮುಖ ಗೊತ್ತಿತ್ತು, ತೊಳೆದುಕೊಂಡ ಮುಖ ಒಬ್ಬನಿಗೂ ಗೊತ್ತಿರಲಿಲ್ಲ. ಹೆಸರು ಹಿಡಿದು ಮನೆಮನೆ ಹುಡುಕತೊಡಗಿದರು.

ಸಬ್ ಇನ್ಸ್‌ಪೆಕ್ಟರ್ ಈ ಹೊಸ್ತಿಲಲ್ಲಿ ನಿಂತು, ಗಂಡನ ಹೆಸರೇನು ಅಂತ ಸುವರ್ಣಮ್ಮನನ್ನು ಕೇಳಿದ. ಮೂರು ವರ್ಷದ ಮಗಳು ನೀಲವ್ವ ಸೊಂಟದ ಮೇಲಿದ್ದಳು. ಸುವರ್ಣಮ್ಮ ಬಾಯಿ ಬಿಡಲಿಲ್ಲ. ಎರಡನೆಯ ಸಲ ಕೇಳಿದಾಗಲೂ ಬಿಡಲಿಲ್ಲ. ಈಕೆ ಏನೋ ಮುಚ್ಚಿಡುತ್ತಿದ್ದಾಳೆ ಅಂತ ಅವನಿಗೆ ಗುಮಾನಿ ಬಂತು. ಹಿತ್ತಲಲ್ಲಿ ಉಳಿ ಮಸೆಯುತ್ತಿದ್ದವನನ್ನು ಎಬ್ಬಿಸಿ ಚಾವಡಿಗೆ ಕರೆದೊಯ್ದರು. ಬೇಗ ಬರತೀನಿ, ಹುಡುಗಿಗೆ ಉಣ್ಣಿಸು ಅಂತ ಹೇಳಿ ಹೋದವನನ್ನು ಸಂಜೆ ಲಾರಿಯಲ್ಲಿ ಬಳ್ಳಾರಿ ಜೈಲಿಗೆ ಸಾಗಿಸಿದರು.

ಸುವರ್ಣಮ್ಮ ಕೂಸು ಕಟ್ಟಿಕೊಂಡು ಬಳ್ಳಾರಿಗೆ ನಡೆದು ಹೋದಳು. ವಕೀಲ ಕೊಟ್ಟೂರಪ್ಪನವರ ಕಾಲು ಹಿಡಿದಳು. ಅವರು ಜೈಲಿಗೆ ಹೋಗಿ ಬಂದು, ಆಕೆಯ ಮುಖ ನೋಡದೆ, "ಏನೂ ಮಾಡಾಕ ಬರಂಗಿಲ್ಲ ತಂಗಿ" ಅಂದರು. ಮಾಘ ಮಾಸದಲ್ಲಿ ನೀಲವ್ವನಿಗೆ ಜ್ವರ ಬಂತು. ಮೂರನೆಯ ದಿನ ಕೂಸು ಅಪ್ಪ ಎಲ್ಲಿ ಅಂತ ಕೇಳುವುದನ್ನು ನಿಲ್ಲಿಸಿತು. ಐದನೆಯ ದಿನ ಹೋಯಿತು.

ಹದಿನಾಲ್ಕು ತಿಂಗಳಾದ ಮೇಲೆ ಅವನು ಬಂದ. ನೀಲಿ ಎಲ್ಲಿ ಅಂದ. ಸುವರ್ಣಮ್ಮ ಅವನ ಕಾಲ ಮೇಲೆ ಬಿದ್ದು, "ನನ್ನಿಂದ ಆತು. ಅವತ್ತ ನಾ ಬಾಯಿ ಬಿಟ್ಟು, ಇವ್ರು ಕಲ್ಲು ಕುಟ್ಟಾವ್ರು ಅಂದಿದ್ರ ನಿಮ್ಮನ್ನ ಒಯ್ತಿರಲಿಲ್ಲ. ಕೂಸೂ ಉಳೀತಿತ್ತು" ಅಂತ ಅತ್ತಳು. ಅವನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಇಡೀ ದಿನ ಗೋಡೆಗೆ ಒರಗಿ ಕೂತಿದ್ದು, ಮರುದಿನ ಸುತ್ತಿಗೆ ಉಳಿ ಹೊತ್ತು ಕೆಲಸಕ್ಕೆ ಹೋದ.

ಅಲ್ಲಿಂದ ಮುಂದೆ ಒಂಬತ್ತು ವರ್ಷ ಸುವರ್ಣಮ್ಮ ಆ ತಪ್ಪಿನಲ್ಲೇ ಸಂಸಾರ ಮಾಡಿದಳು. ಬಿಸಿ ರೊಟ್ಟಿ ಬಿಟ್ಟು ತಣ್ಣನೆಯದನ್ನು ಅವನ ತಾಟಿಗೆ ಹಾಕಲಿಲ್ಲ. ಅವನು ಸುಮ್ಮನಿದ್ದಷ್ಟೂ, ಎಂಥಾ ದೊಡ್ಡ ಮನಸು, ಕೂಸು ಕಳೆದವಳನ್ನು ಒಂದು ಮಾತು ಅನ್ನಲಿಲ್ಲವಲ್ಲ ಅಂತ ಇನ್ನಷ್ಟು ಕುಗ್ಗಿದಳು.

*

ಹೊರಗೆ ಒಮ್ಮೆಲೇ ಗದ್ದಲವೆದ್ದಿತು. ಬಾಡಿಗೆ ಕಾರೊಂದು ನಿಂತು ಅದರಿಂದ ವಕೀಲ ಕೊಟ್ಟೂರಪ್ಪನವರೇ ಇಳಿದರು, ಜೀವಂತವಾಗಿ, ಬೆವರು ಒರೆಸಿಕೊಳ್ಳುತ್ತ. ಸಿರುಗುಪ್ಪದಲ್ಲಿ ಕೇಸು ಮುಂದಕ್ಕೆ ಹೋಗಿ ಅಲ್ಲೇ ಉಳಿದಿದ್ದರಂತೆ. ಬೆಳಿಗ್ಗೆ ಚಾದಂಗಡಿಯಲ್ಲಿ ತಮ್ಮ ಸಾವಿನ ಸುದ್ದಿ ತಾವೇ ಕೇಳಿ, ಸತ್ತವನು ಯಾರಿರಬೇಕೆಂದು ಹೊಳೆದು ಓಡಿಬಂದಿದ್ದರು. ಕರಿಕೋಟಿನವರಲ್ಲಿ ಒಬ್ಬನಂತೂ ಅವರ ಕೈ ಮುಟ್ಟಿ ಮುಟ್ಟಿ ನೋಡಿದ.

ಅವರ ಹಿಂದೆ ಇನ್ನೊಬ್ಬ ಇಳಿದ. ಉದ್ದ ಕೂದಲು, ಬಿಳಿ ಧೋತರ. ಯಾರಿಗೂ ಗುರುತು ಸಿಗಲಿಲ್ಲ. ಅವನು ಯಾರನ್ನೂ ನೋಡದೆ ಒಳಗೆ ಬಂದು ಹೆಣದ ಕಾಲಮೇಲೆ ಅಡ್ಡಬಿದ್ದು ಹೋ ಅಂತ ಅಳತೊಡಗಿದ. ಅಳು ಎಷ್ಟು ಜೋರಿತ್ತೆಂದರೆ ಇದೇನು ಯಾರಾದರೂ ಕಲಿಸಿದ ಅಳುವೋ ಅಂತ ಹೆಂಗಸರು ಮುಖ ಮುಖ ನೋಡಿಕೊಂಡರು. ಇವನೇ ನಾಟಕದ ಕೊಟ್ಟೂರಪ್ಪ, ಸಿರುಗುಪ್ಪದಿಂದ ಜೊತೆಗೆ ಬಂದ ಅಂತ ವಕೀಲರು ಹೇಳಿದಾಗ ಮಂದಿ ಬಾಗಿಲಿಗೆ ಮುತ್ತಿದರು. ಹತ್ತು ವರ್ಷದಲ್ಲಿ ಅವನ ಕಂಪನಿ ಎಲ್ಲೆಲ್ಲೋ ಮೆರೆದಿತ್ತು, ಕುರುಗೋಡಿಗೆ ಮಾತ್ರ ಮತ್ತೆ ಕಾಲಿಟ್ಟಿರಲಿಲ್ಲ.

ಅವನು ಎದ್ದು ಸುವರ್ಣಮ್ಮನ ಮುಂದೆ ಕೈಮುಗಿದು ಕೂತ. "ನನಗ ಬದಲಿ ಹೋದ ದೇವರು, ತಾಯಿ. ನಿಮಗ ಎಲ್ಲಾ ಗೊತ್ತೈತಿ. ನಾ ಏನಂತ ಹೇಳಲಿ."

ಗೊತ್ತು, ಪೊಲೀಸರು ಹೆಸರು ನೋಡಿ ತಪ್ಪು ಹಿಡಿದರು ಅಂತ ಸುವರ್ಣಮ್ಮ ಮೆಲ್ಲಗೆ ಅಂದಳು. ತನ್ನಿಂದಲೇ ಹಾಗಾಯಿತು ಅಂತ ಸೇರಿಸಿದಳು.

ನಾಟಕದವನು ತಲೆ ಎತ್ತಿ ಆಕೆಯನ್ನು ನೋಡಿದ, ಆಮೇಲೆ ವಕೀಲರನ್ನು ನೋಡಿದ. ವಕೀಲರು ನೆಲ ನೋಡುತ್ತಿದ್ದರು.

"ತಪ್ಪು ಹಿಡೀಲಿಲ್ಲ ತಾಯಿ," ಎಂದ ನಾಟಕದವನು. "ನಾ ಚಾವಡಿ ಹಿಂದಿನ ಬಣವಿ ಒಳಗ ಅಡಗಿದ್ದೆ. ಎಲ್ಲಾ ಕೇಳಸತಿತ್ತು. ಇವ ಕಲ್ಲು ಕುಟ್ಟಾವ ಅಂತ ತಿಳಕೊಂಡು, ಹೋಗು ಮನಿಗೆ ಅಂದು ಬಿಟ್ಟಬಿಟ್ಟಿದ್ರು."

ಅವನು ಮುಂದಿನದನ್ನು ತಡವರಿಸುತ್ತ ಹೇಳಿದ. ಬಿಟ್ಟ ಮೇಲೆ ಇವನು ಮೆಟ್ಟಿಲು ಇಳಿದು ಬಣವಿಯ ತನಕ ಬಂದು, ಹುಲ್ಲಿನ ಸಂದಿನಲ್ಲಿ ನಟನನ್ನು ಕಂಡಿದ್ದ. ಅಷ್ಟರಲ್ಲಿ ಪೊಲೀಸರು ಈಟಿ ತಂದು ಹುಲ್ಲಿಗೆ ಚುಚ್ಚಿ ನೋಡತೊಡಗಿದರು. ಮೂರನೆಯ ಚುಚ್ಚು ನಟನ ಕಿವಿಯ ಹತ್ತಿರ ಹಾದುಹೋಯಿತು. ಆಗ ಇವನು ತಿರುಗಿ ನಿಂತು, ನಾಟಕದವನು ನಾನೇ, ಇಷ್ಟು ಹೊತ್ತು ಸುಳ್ಳು ಹೇಳಿದೆ ಅಂದ. ಅವರು ನಂಬಲಿಲ್ಲ. ಹಾಡು ನೋಡೋಣ ಅಂದರು.

"ಹಾಡಿದ," ಎಂದ ನಾಟಕದವನು. "ಡೇರೇದ ಬಾಜೂಕ ಕೂತು ಕಲ್ಲು ಕುಟ್ಟತಿದ್ದ, ನಮ್ಮ ತಾಲೀಮು ದಿನಾ ಕೇಳತಿದ್ದ. ನನ್ನ ಪದಾನ ಕಡೀತನಕ ಹಾಡಿದ. ಶ್ರುತಿ ಇರಲಿಲ್ಲ. ನೋಡ್ರಿ, ಹೆದರಿ ರಾಗ ಬಿಟ್ಟಾನ ಅಂತ ಸಬ್ ಇನ್ಸ್‌ಪೆಕ್ಟರ್ ನಕ್ಕ. ಅವ್ರು ಇವನ್ನ ಕರಕೊಂಡು ಹೋದ ಮ್ಯಾಲೆ ನಾ ಹೊಳಿ ದಾಟಿ ನಿಜಾಮನ ಸೀಮಿಗೆ ಓಡಿಹೋದೆ."

ಹೊಳೆಯ ಆಚೆ ಸೇರಿದವನು ಅಲ್ಲಿಂದಲೇ ಹೆಸರುವಾಸಿಯಾದ. ಜೈಲು ಕಂಡ ನಟ ಅಂತ ಕಂಪನಿಯವರು ಹ್ಯಾಂಡ್‌ಬಿಲ್ಲಿನಲ್ಲಿ ಅಚ್ಚು ಹಾಕಿಸಿದರು, ಅವನು ಬೇಡ ಅನ್ನಲಿಲ್ಲ. ಅದನ್ನೂ ಅವನು ಈಗ ಎಲ್ಲರ ಮುಂದೆ ಒಪ್ಪಿಕೊಂಡ. ಒಪ್ಪಿಕೊಂಡದ್ದಕ್ಕೆ ಯಾರೂ ಅವನನ್ನು ಹೊಗಳಲಿಲ್ಲ ಅನ್ನಿ.

ಸುವರ್ಣಮ್ಮನ ಕಿವಿಗೆ ಅದರಲ್ಲಿ ಒಂದೇ ಮಾತು ಬಿದ್ದಿತ್ತು. "ಮನಿಗೆ ಹೋಗು ಅಂದಿದ್ರ?" ಎಂದು ವಕೀಲರನ್ನು ಕೇಳಿದಳು.

ವಕೀಲರು ಹೌದೆಂದು ತಲೆ ಆಡಿಸಿದರು. ಅವತ್ತು ಜೈಲಿನಲ್ಲಿ ತಾವು ಎಷ್ಟು ಹೇಳಿದರೂ ಅವನು ಮಾತು ಬದಲಿಸಲಿಲ್ಲ. ಮೂರು ತಿಂಗಳಲ್ಲಿ ಬಿಟ್ಟುಬಿಡುತ್ತಾರೆ, ಅಲ್ಲಿಯತನಕ ಆಕೆಗೆ ಹೇಳಬೇಡಿರಿ, ಬಂದು ನಾನೇ ಹೇಳತೀನಿ ಅಂತ ಆಣೆ ಹಾಕಿಸಿಕೊಂಡ. ಮೂರು ತಿಂಗಳು ಹದಿನಾಲ್ಕಾಯಿತು. "ಆಮ್ಯಾಲ ಒಂದ ಸಲ ಕೇಳಿದೆ, ಹೇಳಿದಿ ಏನಪಾ ಅಂತ. ಕೂಸು ಹೋದ ಮ್ಯಾಲ ಯಾ ಬಾಯಿಲೆ ಹೇಳಲಿ ಅಂದ."

ಸುವರ್ಣಮ್ಮ ಗಂಡನ ಮುಖ ನೋಡಿದಳು. ಹಾರಗಳ ನಡುವೆ ಕಣ್ಣು ಮುಚ್ಚಿ, ಎಂದಿನ ಹಾಗೆ ಏನೂ ಅನ್ನದೆ ಕೂತಿದ್ದ. ಹಾಗಾದರೆ ದೊಡ್ಡ ಮನಸಿನಿಂದ ಸುಮ್ಮನಿದ್ದದ್ದಲ್ಲ. ನನ್ನಿಂದ ಆತು ಅಂತ ಕಾಲು ಹಿಡಿದು ಅತ್ತಾಗ, ನಿನ್ನಿಂದಲ್ಲ ಅನ್ನುವ ಒಂದು ಮಾತು ಇವನ ಬಾಯಲ್ಲಿತ್ತು. ನುಂಗಿಕೊಂಡ. ಒಂಬತ್ತು ವರ್ಷ ಆಕೆಯ ಬಿಸಿ ರೊಟ್ಟಿಯ ಜೊತೆಗೆ ದಿನಾ ಅದನ್ನೂ ನುಂಗಿದ. ಪರರ ಜೀವ ಉಳಿಸಿದ ಅಂತ ಹೆಮ್ಮೆಪಡಬೇಕೋ, ಕೂಸಿದ್ದ ಮನೆಗೆ ನಾಲ್ಕು ಹೆಜ್ಜೆ ಉಳಿದಾಗ ತಿರುಗಿ ನಿಂತ ಅಂತ ಶಪಿಸಬೇಕೋ ಆಕೆಗೆ ತಿಳಿಯಲಿಲ್ಲ. ಕೈಯಲ್ಲಿದ್ದ ವಿಭೂತಿಗಟ್ಟಿ ಪುಡಿಯಾಗಿತ್ತು.

*

ಹೊತ್ತು ಇಳಿಯುವಾಗ ಹೆಣ ಎತ್ತಿದರು. ಬಿದಿರು ಕಟ್ಟಿದ ವಿಮಾನದಲ್ಲಿ ಕೂತ ಬರೇ ಕೊಟ್ಟೂರಪ್ಪನಿಗೆ ಮುಂದೆ ವಕೀಲರು ಹೆಗಲು ಕೊಟ್ಟರು, ಹಿಂದೆ ನಾಟಕದವನು ಕೊಟ್ಟ. ಇದುವರೆಗೆ ಕದ ತೆರೆಯದವರೂ ಸುದ್ದಿ ಕೇಳಿ ಹೊರಬಿದ್ದಿದ್ದರು. ಮನೆಮನೆಯ ಬೀಸುವ ಕಲ್ಲಿಗೆ ಉಳಿ ಹೊಡೆದು ಹೋದವನು ಇಂಥವನು ಅಂತ ನಮಗೆ ಗೊತ್ತೇ ಇರಲಿಲ್ಲ ಅಂತ ದಾರಿಯುದ್ದಕ್ಕೂ ಮಾತಾಡಿಕೊಂಡರು. ಸುವರ್ಣಮ್ಮ ದೊಡ್ಡಬಸಮ್ಮನ ಕೈಯನ್ನೂ ಹಿಡಿಯದೆ ನೆಟ್ಟಗೆ ನಡೆದಳು.

ಕುಣಿಯಲ್ಲಿ ಇಳಿಸಿ ಕೂರಿಸಿದರು. ಅಯ್ಯನವರಾದ ಮಲ್ಲಯ್ಯ ಎಡದ ಅಂಗೈಯಲ್ಲಿ ಲಿಂಗವಿಟ್ಟು, ಪತ್ರಿ ವಿಭೂತಿ ಸುರಿದು, ಮೊದಲ ಹಿಡಿ ಮಣ್ಣು ಹೆಂಡತಿಯದು ಅಂತ ಕರೆದರು. ನಾಟಕದವನು ಮುಂದೆ ಬಂದು, ಅಪ್ಪಣೆಯಾದರೆ ಆ ಪದವನ್ನು ಇಲ್ಲಿ ಒಮ್ಮೆ ಹಾಡುತ್ತೇನೆ ಅಂತ ಕೇಳಿದ. ಅವನ ಹಾಡು ಕೇಳಲು ದುಡ್ಡು ಕೊಟ್ಟು ನುಗ್ಗುವ ಜನ ಅದು, ಸುಮ್ಮನಾಗಿ ಕಿವಿಗೊಟ್ಟಿತು.

"ಬ್ಯಾಡ," ಎಂದಳು ಸುವರ್ಣಮ್ಮ.

ಆಕೆ ಬಾಗಿ ಒಂದು ಹಿಡಿ ಮಣ್ಣು ತೆಗೆದುಕೊಂಡಳು. ಹಾಕಲಿಲ್ಲ. ಕುಣಿಯ ಅಂಚಿಗೆ ಬಂದು ಮಂಡಿಯೂರಿ, ಬೀದಿಯಲ್ಲಿ ಹೋಗುವವನನ್ನು ನಿಲ್ಲಿಸುವಷ್ಟು ಗಟ್ಟಿ ದನಿಯಲ್ಲಿ ಕರೆದಳು.

"ಕೊಟ್ಟೂರಪ್ಪಾ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ವಕೀಲರು ಥಟ್ಟನೆ ತಲೆ ಎತ್ತಿದರು. ನಾಟಕದವನು ಒಂದು ಹೆಜ್ಜೆ ಮುಂದೆ ಬಂದ. ಜನರ ಹಿಂದೆ ನಿಂತಿದ್ದ ಯಾವನೋ ಕುರಿಯವನು, ಹರಕೆಯ ಹೆಸರಿನವನೇ ಇರಬೇಕು, ಅರಿಯದೆ "ಓ" ಅಂದುಬಿಟ್ಟ.

ಸುವರ್ಣಮ್ಮ ಅವರಲ್ಲಿ ಒಬ್ಬರ ಕಡೆಗೂ ತಿರುಗಲಿಲ್ಲ. ಅಂಗೈಯ ಲಿಂಗದ ಕಡೆ ಬಾಗಿ ಕೂತಿದ್ದವನನ್ನೇ ನೋಡುತ್ತ, ಅವನೊಬ್ಬನು ಓಗೊಡಲಿ ಅಂತ, ಹಿಡಿಯಲ್ಲಿದ್ದ ಮಣ್ಣು ಬೆರಳ ಸಂದಿನಿಂದ ಪೂರಾ ಸೋರಿ ಮುಗಿಯುವ ತನಕ ಕಾಯುತ್ತಿದ್ದಳು.