ಕುಂಕುಮ ಇಟ್ಟ ಮಿಷನ್ನು ವಾಪಸ್ ಹೋದದ್ದು

ರಾವಂದೂರು ಹೋಬಳಿಯ ಆ ಸಣ್ಣ ಊರಲ್ಲಿ ವಿಮಲಮ್ಮನ ಹೆಸರೆತ್ತಿದರೆ ಜನ ಮೊದಲು ಹೇಳುವುದು ಡೇರಿಯ ಕತೆಯನ್ನೇ. ಹದಿನೆಂಟು ವರ್ಷ ಮಹಿಳಾ ಡೇರಿಯಲ್ಲಿ ಹಾಲು ಪರೀಕ್ಷೆ ಮಾಡಿದ ಹೆಂಗಸು. ಲ್ಯಾಕ್ಟೋಮೀಟರನ್ನು ಹಾಲು ತಂದವರ ಕಣ್ಣೆದುರಿಗೇ ಬಿಡಬೇಕು, ಎಲ್ಲಿಗೆ ನಿಂತಿತು ಅಂತ ಅವರೇ ಓದಬೇಕು, ಆಮೇಲೆ ಬರೆದುಕೊಳ್ಳಬೇಕು. ಇದು ಆಕೆ ಮಾಡಿದ ಕಾನೂನು. ಒಂದು ದಿನ ಸ್ವಂತ ಮನೆಯ ಹಾಲೇ ತೆಳ್ಳಗೆ ಬಂತು. ಗಂಡ ಜವರಯ್ಯ ಕ್ಯಾನು ತೊಳೆದ ನೀರನ್ನು ಪೂರ್ತಿ ಚೆಲ್ಲದೆ ಅದರ ಮೇಲೇ ಹಾಲು ಸುರಿದಿದ್ದ. ಸಾಲಲ್ಲಿ ನಿಂತಿದ್ದ ಅಷ್ಟೂ ಜನರ ಮುಂದೆ ಗಂಡನ ಕೈಗೇ ಕ್ಯಾನು ವಾಪಸ್ ಕೊಟ್ಟಳು ಮಹಾತಾಯಿ. ಜವರಯ್ಯ ಎರಡು ದಿನ ಮಾತು ಬಿಟ್ಟಿದ್ದ. ಮೂರನೇ ದಿನ ಹಸಿವಾಯಿತು, ಬಾಯಿ ಬಿಟ್ಟ.

ಇಂಥ ಮನೆಗೆ ಮಿರ್ಲೆಯಿಂದ ಸೊಸೆಯಾಗಿ ಬಂದವಳು ಮಾನಸ. ಬಂದು ಮೂರು ವರ್ಷವಾಗಿತ್ತು. ಅತ್ತೆ ಒಂದು ದಿನಕ್ಕೂ ಗದರಿದವಳಲ್ಲ, ಆದರೂ ಆಕೆಯ ಎದುರು ನಿಂತರೆ ಮಾನಸಳಿಗೆ ಒಳಗೊಳಗೇ ಪುಕುಪುಕು. ತನ್ನನ್ನೂ ಗಾಜಿನ ಜಾಡಿಗೆ ಇಳಿಸಿ ಅಳೆಯುತ್ತಿದ್ದಾಳೇನೋ ಅನ್ನಿಸುತ್ತಿತ್ತು.

ಹೋದ ಮಳೆಗಾಲದಲ್ಲಿ ವಿಮಲಮ್ಮ ಕೊಟ್ಟಿಗೆಯಲ್ಲಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ಪಿರಿಯಾಪಟ್ಟಣದ ಡಾಕ್ಟರು ಕಟ್ಟು ಬಿಚ್ಚಿ, ಮೂಳೆ ಕೂಡಿದೆ, ಆದರೆ ಹಿಂಡುವ ಕೆಲಸ ಇನ್ನು ಮರೆತುಬಿಡಿ ಅಂದರು. ಮನೆಯಲ್ಲಿ ಕೆಂಪಿ ಅನ್ನುವ ಹಸು, ಅದರ ಮಗಳು ಇನ್ನೊಂದು. ಎರಡನ್ನೂ ಕರುವಿನಿಂದ ಸಾಕಿದವಳು ವಿಮಲಮ್ಮ. ಮಾನಸ ಕರೆಯಲು ಕೂತರೆ ಕೆಂಪಿ ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತಿತ್ತು, ಜವರಯ್ಯ ಕೂತರೆ ಒದೆಯುತ್ತಿತ್ತು. ಪಕ್ಕದ ಮನೆ ರಾಚಮ್ಮ ಹೇಗೋ ಎರಡು ಹೊತ್ತು ಬಂದು ಕರೆದುಕೊಡುತ್ತಿದ್ದಳು. ಅವಳೂ ಮಗಳ ಬಾಣಂತನಕ್ಕೆ ಎಚ್.ಡಿ. ಕೋಟೆಗೆ ಹೊರಡುವ ದಿನ ಹತ್ತಿರ ಬಂತು. ಜವರಯ್ಯ ದಲ್ಲಾಳಿ ಅಂಕಯ್ಯನಿಗೆ ಮಾತು ಕೊಟ್ಟೇಬಿಟ್ಟ. ರಾಚಮ್ಮ ಹೋಗುವ ಸೋಮವಾರ ಟೆಂಪೋ ತಾ, ಎರಡನ್ನೂ ಹೊಡಕೊಂಡು ಹೋಗು ಅಂತ.

ವಿಮಲಮ್ಮ ಬೇಡ ಅನ್ನಲಿಲ್ಲ. ಕೈಲಾಗದವಳು ಯಾವ ಬಾಯಲ್ಲಿ ಅಂದಾಳು? ಆದರೆ ಅವತ್ತಿನಿಂದ ಊಟಕ್ಕೆ ಕೂತರೆ ತಟ್ಟೆಯಲ್ಲಿ ಮುದ್ದೆ ಅರ್ಧಕ್ಕೇ ಉಳಿಯುತ್ತಿತ್ತು. ಅದನ್ನು ನೋಡಲಾರದೆ ಮಾನಸ ಫೋನಿನಲ್ಲಿ ಹಾಲು ಕರೆಯುವ ಮಿಷನ್ನು ಹುಡುಕಿದಳು. ಮಿಷನ್ನಾದರೆ ಹಿಂಡುವುದಿಲ್ಲ, ಅತ್ತೆ ಬರೀ ಕೆಚ್ಚಲು ನೀವಿ ಮೊಲೆಗೆ ಮಿಷನ್ನಿನ ಕಪ್ಪು ಸಿಕ್ಕಿಸಿದರೆ ಸಾಕು. ಒಂದು ಚೆನ್ನಾಗಿರುವುದೇ ಸಿಕ್ಕಿತು. ಹಸುವಿನ ಮಿಷನ್ನು, ನಾಲ್ಕು ಕಪ್ಪು, ಇಪ್ಪತ್ತೈದು ಲೀಟರಿನ ಸ್ಟೀಲ್ ಕ್ಯಾನು. ಮಿಕ್ಕವುಗಳಿಗಿಂತ ಅಗ್ಗ ಬೇರೆ. ತರಿಸಿದಳು.

ಪಾರ್ಸೆಲ್ ಬಂದದ್ದು ಶುಕ್ರವಾರ ಹತ್ತೂಕಾಲಿಗೆ. ಹತ್ತೂವರೆಗೆ ರಾಹುಕಾಲ. ಹೊಸ ಯಂತ್ರ ರಾಹುಕಾಲದಲ್ಲಿ ಮನೆಯೊಳಗೆ ಕಾಲಿಡುವುದುಂಟೇ? ವಿಮಲಮ್ಮ ಅವಸರ ಅವಸರವಾಗಿ ಪೆಟ್ಟಿಗೆ ಕೊಯ್ಯಿಸಿ, ಮೇಲೆ ಕಂಡ ಮೋಟರಿಗೆ ಮೂರು ಬೆರಳು ವಿಭೂತಿ ಎಳೆದು, ಅರಿಶಿನ ಬಳಿದು, ಕುಂಕುಮ ಇಟ್ಟು, ಹೂ ಮುಡಿಸಿ, ಕಾಯಿ ಒಡೆಸಿದಳು. ಹತ್ತೂವರೆಯೊಳಗೆ ಮಂಗಳಾರತಿಯೂ ಮುಗಿಯಿತು. ಆಮೇಲೆ ನಿಧಾನಕ್ಕೆ ಅಡಿಯ ಸಾಮಾನು ಬಿಚ್ಚಿದರೆ, ಏನು ಹೇಳೋಣ, ಏಳು ಲೀಟರಿನ ಪ್ಲಾಸ್ಟಿಕ್ ಡಬ್ಬ, ಎರಡೇ ಎರಡು ಕಪ್ಪು, ಅವೂ ಹೆಬ್ಬೆರಳು ತೂರದಷ್ಟು ಕಿರಿದು. ಹಸುವಿನ ಮಿಷನ್ನು ಅಂತ ಹೇಳಿ ಆಡಿನ ಮಿಷನ್ನು ಕಳಿಸಿದ್ದರು. ಇರಲಿ ಅಂತ ಕೆಂಪಿಗೆ ಹಾಕಿಯೂ ನೋಡಿದರು. ಹಿಡಿಯಲಿಲ್ಲ, ಜಾರಿ ಸಗಣಿಗೆ ಬಿತ್ತು.

ವಾಪಸ್ ಕಳಿಸಲು ಮಾನಸ ಅರ್ಜಿ ಹಾಕಿದಳು. ಮಂಗಳವಾರ ಪಾರ್ಸೆಲ್ ಒಯ್ಯುವ ಕಾಂತರಾಜು ಬಂದ. ಒಳ್ಳೆಯ ಮನುಷ್ಯ, ಆದರೆ ನೌಕರಿ. ಬಿಳೀ ಮೋಟರಿನ ಮೇಲೆ ಕೂತಿದ್ದ ಅರಿಶಿನ ಕುಂಕುಮ ನೋಡಿ ತಲೆ ಕೆರೆದುಕೊಂಡ. ಬಳಸಿದ ಸಾಮಾನು, ಕಲೆ ಆಗಿದೆ, ತಗೊಂಡು ಹೋದರೆ ನನ್ನ ಮೇಲೆ ಬರುತ್ತದೆ ಅಮ್ಮಾ ಅಂದವನೇ ಫೋಟೋ ತೆಗೆದು ಹೊರಟುಹೋದ. ಸಂಜೆಯೊಳಗೆ ಮೆಸೇಜು ಬಂತು, ಅರ್ಜಿ ತಿರಸ್ಕಾರ.

ಜವರಯ್ಯನಿಗೆ ಇದು ಬೇಕಾಗಿದ್ದದ್ದೇ. ನಾನು ಆವತ್ತೇ ಅಂದೆ ಅಂತ ಶುರುಮಾಡಿದವನು ರಾತ್ರಿ ಮಲಗುವವರೆಗೂ ನಿಲ್ಲಿಸಲಿಲ್ಲ. ಮಾನಸಳ ಗಂಡ ಬಸ್ಸಿನ ಕೆಲಸ ಮುಗಿಸಿ ಬಂದು, ಸೀಮೆಎಣ್ಣೆ ಹಾಕಿ ತಿಕ್ಕಿದರೆ ಕಲೆ ಹೋಗುತ್ತದೆ ಅಂತ ಉಪಾಯ ಹೇಳಿದ. ಮಾನಸಳಿಗೂ ಅದೇ ಸರಿ ಅನ್ನಿಸಿತು. ಕಲೆ ಒರೆಸಿ, ಬಳಸಲೇ ಇಲ್ಲ, ಬಂದಾಗಲೇ ಮೋಟರು ಕೆಟ್ಟಿತ್ತು ಅಂತ ಬರೆದುಬಿಟ್ಟರೆ ಆಯಿತಲ್ಲ, ಎಲ್ಲರೂ ಮಾಡುವುದು ಹಾಗೇ ಅಂದಳು. ಬೆಳಿಗ್ಗೆ ಸೀಮೆಎಣ್ಣೆ ಬಟ್ಟೆ ಹಿಡಿದು ಕೂತವಳ ಕೈಯನ್ನು ಅತ್ತೆ ಎಡಗೈಯಲ್ಲಿ ಹಿಡಿದಳು.

“ಮೋಟ್ರು ಕೆಟ್ಟದೆ ಅಂತೀಯ. ಅದು ಚೆಂದಾಗಿ ಓಡ್ತಾ ಅದೆ ಕಣವ್ವ.”

“ಅತ್ತೆ, ನಿಜ ಹೇಳುದ್ರೆ ತಗಳ್ಳಲ್ಲ ಅಂತಾರಲ್ಲ.”

“ಬಳಸೇ ಇಲ್ಲ ಅಂದ್ರೆ ಕೆಂಪಿಗೆ ಹಿಡೀನಿಲ್ಲ ಅಂತ ಎಂಗೆ ತೋರ್ಸೀಯೆ? ನಮ್ಗೆ ಇರೋದು ಒಂದೇ ಸಾಕ್ಷಿ. ಸುಳ್ಳು ಹೇಳಿ ಅದ್ನೂ ಕಳ್ಕಳದಾ?”

ಮಾನಸ ಬಟ್ಟೆ ಕೆಳಗಿಟ್ಟಳು. ಇಷ್ಟು ದಿನ ಸತ್ಯ ಅಂದರೆ ಅತ್ತೆಯ ಹಟ ಅಂದುಕೊಂಡಿದ್ದಳು. ಅದಕ್ಕೆ ಇಂಥ ಬುದ್ಧಿಯೂ ಉಂಟು ಅಂತ ಅವಳಿಗೆ ಹೊಳೆದದ್ದು ಆಗಲೇ. ಎದೆಯೊಳಗೆ ಅತ್ತೆಯ ಮೇಲೆ ಒಂದು ಅಭಿಮಾನ ಉಕ್ಕಿಬಂತು.

ಬುಧವಾರ ಕಂಪನಿಯ ನಂಬರಿಗೆ ಫೋನು ಹಚ್ಚಿದರು. ಅದನ್ನು ಒತ್ತಿ ಇದನ್ನು ಒತ್ತಿ ಅಂತ ಅರ್ಧ ಗಂಟೆ ಸತಾಯಿಸಿದ ಮೇಲೆ ಶಾಂತಲಾ ಅನ್ನುವ ಹುಡುಗಿ ಕನ್ನಡದಲ್ಲಿ ಸಿಕ್ಕಿದಳು. ಬಳಸಿದ್ದೀರಾ ಮೇಡಂ ಅಂತ ಅವಳ ಮೊದಲ ಪ್ರಶ್ನೆ. ಮಾನಸಳ ನಾಲಿಗೆ ತಡವರಿಸಿತು. ಅತ್ತೆ ಫೋನು ಈಸಿಕೊಂಡಳು. ಹೂಂ, ಒಂದು ಸಲ ಹಾಕಿ ನೋಡಿದೆವು, ಪೂಜೆಯನ್ನೂ ಮಾಡಿದೆವು, ಪೂರ್ತಿ ನೋಡದೆ ಪೂಜೆ ಮಾಡಿದ್ದು ನನ್ನ ತಪ್ಪು, ಒರೆಸಿಲ್ಲ, ಹಂಗೇ ಅದೆ ಅಂದಳು. ಏನಂದ್ರಿ ಅಂತ ಶಾಂತಲಾ ಮತ್ತೊಮ್ಮೆ ಕೇಳಿದಳು. ಆ ಹುಡುಗಿಗೆ ದಿನವಿಡೀ ಬಳಸೇ ಇಲ್ಲ ಅನ್ನುವವರೇ ಸಿಗುತ್ತಿದ್ದರೇನೋ, ಪಾಪ. ವಿಮಲಮ್ಮ ಮಾತು ಮುಂದುವರಿಸಿದಳು.

“ನೋಡವ್ವ, ಕುಂಕುಮ ಇಟ್ಟಿದ್ದಕ್ಕೆ ಆಡಿನ ಮಿಷನ್ನು ಹಸಿನ ಮಿಷನ್ನಾಗಲ್ಲ. ನಿಮ್ಮೋರು ಬರ್ದಿರದ ಓದಿ, ಬಂದಿರದ ತೋರುಸ್ತೀವಿ. ನೀನೇ ಕಣ್ಣಲ್ಲಿ ನೋಡಿ ಹೇಳು.”

ವಿಡಿಯೋ ಕಳಿಸಿ ಅಂದಳು ಶಾಂತಲಾ. ಅದೇ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಡೇರಿಯ ಕಾನೂನು ಮತ್ತೆ ಜಾರಿಗೆ ಬಂತು. ಮಾನಸ ಮಾರುವವನು ಬರೆದಿದ್ದನ್ನು ಚೀಟಿಗೆ ಇಳಿಸಿಕೊಂಡು, ಫೋನಿನಲ್ಲಿ ವಿಡಿಯೋ ಹಿಡಿಯುತ್ತಾ ಒಂದೊಂದು ಸಾಲನ್ನೂ ಓದಿದಳು. ಓದಿದ ಮೇಲೆ ವಿಮಲಮ್ಮ ಸಾಮಾನು ತೋರಿಸಿದಳು. ನಾಲ್ಕು ಕಪ್ಪು ಅಂತ ಓದಿದರೆ ಎರಡು ಕಪ್ಪು ಎತ್ತಿ ಹಿಡಿದಳು. ಇಪ್ಪತ್ತೈದು ಲೀಟರು ಅಂತ ಓದಿದರೆ ಲೀಟರಿನ ಅಳತೆಯಲ್ಲಿ ಡಬ್ಬಕ್ಕೆ ನೀರು ಹೊಯ್ಯುತ್ತಾ ಒಂದು, ಎರಡು ಅಂತ ಎಣಿಸಿದಳು. ಏಳಕ್ಕೇ ತುಂಬಿ ಚೆಲ್ಲಿತು. ಕುಂಕುಮದ ಮೋಟರನ್ನೂ ಮುಚ್ಚಿಡದೆ ತೋರಿಸಿದಳು. ಕಡೆಗೆ ಮೋಟರು ಓಡಿಸಿ ಕೆಂಪಿಯ ಮೊಲೆಗೆ ಕಪ್ಪು ಹಾಕಿದಳು. ಅದು ಜಾರಿ ಬಿದ್ದಿತು. ಮತ್ತೆ ಹಾಕಿದಳು, ಮತ್ತೆ ಬಿದ್ದಿತು. ಬೈಗುಳವಿಲ್ಲ, ಶಾಪವಿಲ್ಲ, ಕಣ್ಣೀರೂ ಇಲ್ಲ. ಕೆಂಪಿ ಮಾತ್ರ ಒಮ್ಮೆ ಹಿಂತಿರುಗಿ, ಏನು ನಿಮ್ಮ ಗೋಳು ಅನ್ನುವಂತೆ ಕ್ಯಾಮೆರಾ ಕಡೆಗೇ ನೋಡಿತು.

ವಿಡಿಯೋ ಹಿಡಿಯುತ್ತಿದ್ದ ಮಾನಸ ಅತ್ತೆಯ ಮುಖ ಬಿಟ್ಟು ಬರೀ ಸಾಮಾನನ್ನೇ ನೋಡುತ್ತಿದ್ದಳು. ಯಾಕೆಂದರೆ ಅವಳ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ಮಿಷನ್ನು ತರಿಸುವ ಮುಂಚೆ, ಕೊಂಡವರು ಬರೆದ ಮಾತುಗಳಲ್ಲಿ ಯಾರೋ ಒಬ್ಬರು, ಇದು ಆಡಿಗೆ ಮಾತ್ರ ಆಗುತ್ತದೆ, ಮೋಸ ಹೋಗಬೇಡಿ ಅಂತ ಬರೆದದ್ದನ್ನು ಅವಳು ಓದಿದ್ದಳು. ಓದಿಯೂ, ಒಬ್ಬರಿಗೆ ಹಾಗಾಗಿರಬಹುದು ಬಿಡು, ಅಗ್ಗಕ್ಕೆ ಸಿಗುತ್ತಿದೆಯಲ್ಲ ಅಂತ ಒತ್ತಿಬಿಟ್ಟಿದ್ದಳು. ಮನೆಯಲ್ಲಿ ಎಲ್ಲರೂ ಮಾರಿದವನಿಗೆ ಶಾಪ ಹಾಕುತ್ತಿದ್ದಾಗ ಇವಳೂ ಜೊತೆಗೆ ಎರಡು ಹಾಕಿದ್ದಳು, ಕಳ್ಳಿ.

ಶನಿವಾರ ಅರ್ಜಿ ಒಪ್ಪಿದ ಮೆಸೇಜು ಬಂತು. ಸೋಮವಾರ ಬೆಳಿಗ್ಗೆ ಕಾಂತರಾಜು ಎರಡನೇ ಸಲ ಬಂದು ಪೆಟ್ಟಿಗೆ ಗಾಡಿಗೆ ಕಟ್ಟಿಕೊಂಡ. ಇಷ್ಟು ವರ್ಷದಲ್ಲಿ ಕುಂಕುಮ ಇಟ್ಟುಕೊಂಡು ವಾಪಸ್ ಹೋಗುತ್ತಿರುವ ಸಾಮಾನು ಇದೊಂದೇ ಅಮ್ಮಾ ಅಂತ ವಿಮಲಮ್ಮನಿಗೆ ಕೈಮುಗಿದ. ಅವನ ಗಾಡಿ ತಿರುವಿನಲ್ಲಿ ಮರೆಯಾಗುವುದಕ್ಕೂ ಅಂಕಯ್ಯನ ಟೆಂಪೋ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಜವರಯ್ಯ ಕೊಟ್ಟಿಗೆಯಿಂದ ಕೆಂಪಿಯನ್ನು ಬಿಚ್ಚಿಕೊಂಡು ಬಂದ. ದುಡ್ಡು ವಾಪಸ್ ಬರ್ತದೆ, ಒಳ್ಳೇದೇ ಆಯ್ತು, ಆದರೆ ಇನ್ನು ಈ ಮಿಷನ್ನಿನ ಸಹವಾಸ ಸಾಕು, ಸಂಜೆಗೆ ರಾಚಮ್ಮನೂ ಇರಲ್ಲ, ಫೋನಿನಲ್ಲಿ ಬರೋದೆಲ್ಲ ಮೋಸ ಅಂದ. ವಿಮಲಮ್ಮ ಕೆಂಪಿಯ ಕೊರಳಡಿಯ ಗಂಗೆದೊಗಲಿಗೆ ಕೈ ಹಾಕಿ ತುರಿಸುತ್ತಾ ನಿಂತಿದ್ದಳು. ಅದನ್ನು ನೋಡಿ ಮಾನಸ ಮಾವನ ಮುಂದೆ ಬಂದು ನಿಂತಳು.

“ಮಾವ, ತಪ್ಪು ಫೋನಿಂದಲ್ಲ, ನಂದು,” ಅಂದಳು. “ಇದು ಆಡಿನ ಮಿಷನ್ನು ಅಂತ ಒಬ್ರು ಬರ್ದಿದ್ರು. ನಾನು ಓದಿದ್ದೆ. ಅಗ್ಗ ಅಂತ ತರಿಸ್ಬುಟ್ಟೆ. ನಿಮ್ಗೆ ಯಾರ್ಗೂ ಹೇಳ್ನಿಲ್ಲ.”

ಜವರಯ್ಯ ಹಗ್ಗ ಹಿಡಿದುಕೊಂಡೇ ಬಾಯಿ ಬಿಟ್ಟು ನಿಂತ. ಅಂಕಯ್ಯ ಟೆಂಪೋದ ಹಿಂಬಾಗಿಲು ಇಳಿಸುತ್ತಿದ್ದವನು ಹಾಗೇ ನಿಂತ. ಮಾನಸ ತಲೆ ತಗ್ಗಿಸಿ ಅತ್ತೆಯ ಬೈಗುಳಕ್ಕೆ ಕಾದಳು.

ವಿಮಲಮ್ಮ ಬೈಯಲಿಲ್ಲ. ಗಂಡನ ಹತ್ತಿರ ಹೋಗಿ, ಎಡಗೈಯಿಂದ ಹಗ್ಗ ತೆಗೆದುಕೊಂಡಳು.

“ಸುಳ್ಳು ಬರ್ದೋನ್ದು ಒಂದು ತಪ್ಪು. ಓದಿ ಸುಮ್ಕಿದ್ದಿದ್ದು ಇವಳ್ದು. ನೋಡ್ದೆ ಪೂಜೆ ಮಾಡಿದ್ದು ನಂದು. ಇದ್ರಾಗೆ ಕೆಂಪಿದೇನು ತಪ್ಪದೆ ಹೇಳಿ? ಅದ್ಯಾಕೆ ಟೆಂಪೋ ಅತ್ತಬೇಕು?”

ಜವರಯ್ಯ ಅಂಕಯ್ಯನ ಕಡೆ ನೋಡಿದ. ಅಂಕಯ್ಯ ಕೆಮ್ಮಿ, ಅಷ್ಟು ದೂರದಿಂದ ಬಂದಿದ್ದೀನಲ್ಲ ವಿಮಲಕ್ಕ, ಖಾಲಿ ಹೋಗದಾ ಅಂತ ಗೊಣಗಿದ. ಖಾಲಿ ಯಾಕೆ ಹೋಗುತ್ತೀಯಪ್ಪ, ಹುಣಸೂರಿನಲ್ಲಿ ಹಸುವಿನ ಮಿಷನ್ನು ಇಟ್ಟಿರುವ ಅಂಗಡಿ ಇದೆಯಂತೆ, ಮಾನಸಳನ್ನೂ ಅವಳ ಮಾವನನ್ನೂ ಅಲ್ಲಿಗೆ ಕರಕೊಂಡು ಹೋಗು, ಸಂಜೆ ಹಾಲಿನ ಹೊತ್ತಿಗೆ ಮಿಷನ್ನು ಸಮೇತ ಬಿಡು, ಬಾಡಿಗೆ ಕೊಡ್ತೀವಿ ಅಂದಳು ವಿಮಲಮ್ಮ.

ಜವರಯ್ಯ ಗೊಣಗುತ್ತಲೇ ಟವೆಲು ಹೆಗಲಿಗೆ ಹಾಕಿಕೊಂಡು, ಯಾವುದು ಒಳ್ಳೇದು ಅಂತ ನಂಗೇನು ಗೊತ್ತು, ನೀನೇ ಬಾ ಅಂತ ಹೆಂಡತಿಯನ್ನು ಕರೆದ.

“ನಾನ್ಯಾಕೆ? ಮಾನಸ ನೋಡಿ ಆರಿಸ್ಲಿ,” ಅಂದಳು ವಿಮಲಮ್ಮ, ಕೆಂಪಿಯನ್ನು ಕೊಟ್ಟಿಗೆಯ ಕಡೆ ತಿರುಗಿಸಿಕೊಳ್ಳುತ್ತಾ. “ಅವಳು ಹೇಳಿದ್ದನ್ನ ನಾನು ಇನ್ನು ಪರೀಕ್ಷೆ ಮಾಡಲ್ಲ.”