ಸರಪಳಿ ಮಡಚಿದ ಆಳ

ಗೇಟಿನ ಬೀಗದ ಕೀ ನನ್ನ ಸೊಂಟದಲ್ಲಿತ್ತು. ಗೇಟಿನ ಆಚೆ ಸೇತುವೆ, ಸೇತುವೆಯ ಆಚೆ ಪೇಟೆ, ಪೇಟೆಯಲ್ಲಿ ಆಸ್ಪತ್ರೆ. ಗೇಟಿನ ಈಚೆ, ಮೈದುನನ ವ್ಯಾನಿನ ಹಿಂದಿನ ಸೀಟಿನಲ್ಲಿ, ನನ್ನ ಗಂಡ ಎರಡು ದಿಂಬಿಗೆ ಒರಗಿ ಕೂತು ಉಸಿರಿಗಾಗಿ ಒದ್ದಾಡುತ್ತಿದ್ದರು. ಅವರ ಎರಡೂ ಕಿಡ್ನಿ ಕೈಕೊಟ್ಟು ವರ್ಷಗಳೇ ಆದವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಲೇಬೇಕು. ಹೊಳೆ ಬಂದು ದಾರಿ ಮುಚ್ಚಿದ್ದರಿಂದ ಒಂದು ಸರದಿ ಆಗಲೇ ತಪ್ಪಿತ್ತು. ಇವತ್ತಿನದೂ ತಪ್ಪಿದರೆ ಮುಂದಿನದರ ಮಾತು ಬೇಡ ಎಂದು ಡಾಕ್ಟರು ಫೋನಿನಲ್ಲಿ ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು.

ಗೇಟು ಹಾಕಿದವಳು ನಾನೇ. ಈ ಹೊಳೆಯ ಸೇತುವೆಗಳ ಉಸ್ತುವಾರಿ ಇಂಜಿನಿಯರ್ ನಾನು. ಮರಳಿನಡಿ ಹೂತಿಟ್ಟ ಸರಪಳಿಯನ್ನು ಅಗೆದು ನೋಡದೆ ಬೀಗ ತೆಗೆಯುವುದಿಲ್ಲ ಎಂದು ಹಟ ಹಿಡಿದು ಕೂತಿದ್ದೆ. ಹೊಳೆಗೆ ಇಳಿಯುವಷ್ಟು ನೀರು ತಗ್ಗಿದ್ದೇ ಇವತ್ತು ಬೆಳಿಗ್ಗೆ. ಬಳಸು ದಾರಿಯೂ ಕೊಚ್ಚಿಹೋಗಿತ್ತು.

ವ್ಯಾನಿನ ಹಿಂದೆ ಒಂದು ಬಸ್ಸು, ಅದರ ಹಿಂದೆ ಲಾರಿಗಳು. ಬಸ್ಸಿನ ಕಂಡಕ್ಟರ್ ಬೆಳಿಗ್ಗೆಯಿಂದ ನನ್ನ ತಲೆ ತಿನ್ನುತ್ತಿದ್ದ.

"ಮೇಡಂ, ಸೇತುವೆ ನೆಟ್ಟಗೆ ನಿಂತಿದೆ. ಒಂದು ಬಿರುಕಿಲ್ಲ. ಕೆಳಗೆ ಮರಳೂ ಮೊದಲಿದ್ದ ಹಾಗೇ ಇದೆ. ಇನ್ನೇನು ಬೇಕು ನಿಮಗೆ?"

"ಮರಳು ಮೊದಲಿದ್ದ ಹಾಗೇ ಇರೋದೇ ನನಗೆ ಭಯ," ಎಂದೆ.

"ತಲೆ ಕೆಟ್ಟಿದೆ ನಿಮಗೆ."

"ಹೌದು, ಕೆಟ್ಟಿದೆ. ಸ್ವಲ್ಪ ದೂರ ನಿಂತ್ಕೊಳ್ಳಿ, ನಿಮಗೂ ಅಂಟೀತು."

ಅವನಿಗೇನು ಗೊತ್ತು? ನಮ್ಮ ಹೊಳೆ ವರ್ಷದ ಮುಕ್ಕಾಲು ಪಾಲು ಬರೀ ಮರಳಿನ ಬಯಲು. ಸುತ್ತ ಹುಲ್ಲೂ ನಿಲ್ಲದ ಬೋಳು ನೆಲ. ದೂರದ ಗುಡ್ಡಗಳಲ್ಲಿ ಒಂದು ಜೋರು ಮಳೆ ಹೊಡೆದರೆ ಸಾಕು, ಇಲ್ಲಿ ಒಂದು ಹನಿ ಬೀಳದಿದ್ದರೂ ಗುಡ್ಡದ ಮಣ್ಣೆಲ್ಲ ನೀರಿನ ಜೊತೆ ಎದ್ದು ಬರುತ್ತದೆ. ನೀರು ಏರಿದಾಗ ಹೊಳೆ ತನ್ನ ತಳವನ್ನೇ ಕೆತ್ತಿ ಹೊತ್ತುಕೊಂಡು ಹೋಗುತ್ತದೆ, ಇಳಿಯುವಾಗ ಹಿಂದಿನಿಂದ ಬಂದ ಮರಳನ್ನು ಅದೇ ಗುಂಡಿಗೆ ಸುರಿದು ಸಮ ಮಾಡುತ್ತದೆ. ಬೀರು ಜಾಲಾಡಿದ ಕಳ್ಳ ಬಟ್ಟೆಯನ್ನೆಲ್ಲ ಮತ್ತೆ ಮಡಚಿಟ್ಟು ಹೋದ ಹಾಗೆ. ಮಾರನೆಯ ದಿನ ನೋಡಿದವರಿಗೆ ಏನೂ ಆದಂತೆ ಕಾಣುವುದಿಲ್ಲ. ಕಣ್ಣಿಗೆ ಮಣ್ಣೆರಚುವುದರಲ್ಲಿ ಇದನ್ನು ಮೀರಿಸುವವರಿಲ್ಲ.

ಅದಕ್ಕೇ ಸರಪಳಿ. ಬೇಸಿಗೆಯಲ್ಲಿ ಕಂಬದ ಪಕ್ಕದ ಮರಳಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ ಹೂಳುತ್ತೇವೆ. ನೆರೆ ಎಷ್ಟು ಆಳ ಕೆತ್ತುತ್ತದೋ ಅಷ್ಟು ಸರಪಳಿ ಸಡಿಲವಾಗಿ, ನೀರು ಹರಿದ ಕಡೆಗೆ ಅಡ್ಡ ಬೀಳುತ್ತದೆ. ಆಮೇಲೆ ಅದರ ಮೇಲೆ ಹೊಸ ಮರಳು ಮುಚ್ಚಿಕೊಳ್ಳುತ್ತದೆ. ಅಗೆದಾಗ ಸರಪಳಿ ಎಲ್ಲಿ ಮಡಚಿಕೊಂಡಿದೆಯೋ ಅದೇ ಹೊಳೆ ತಲುಪಿದ ಆಳ. ಬೇಗ ಸಿಕ್ಕರೆ ಬಚಾವು. ಅಗೆದಷ್ಟೂ ಸಿಗದಿದ್ದರೆ, ಹೊರಗೆ ಬಿದ್ದ ಒಂದೊಂದು ಸಲಿಕೆ ಮರಳೂ ಹೊಳೆ ಹೊಸದಾಗಿ ತಂದು ತುಂಬಿದ್ದು.

ನನ್ನ ಅಳತೆಗೋಲಿನ ಮೇಲೆ ಒಂದು ಕೆಂಪು ಗೆರೆ ಇತ್ತು. ಕಂಬದ ಅಡಿಪಾಯ ಮುಗಿಯುವುದು ಆ ಆಳದಲ್ಲಿ. ಸರಪಳಿ ಗೆರೆಗಿಂತ ಮೇಲೆ ಸಿಕ್ಕರೆ ಗೇಟು ತೆಗೆಯಬಹುದು. ಕೆಳಗೆ ಸಿಕ್ಕರೆ, ನೆರೆಯ ಹೊತ್ತಿನಲ್ಲಿ ಕಂಬದ ಬುಡದಡಿ ನೆಲವೇ ಇರಲಿಲ್ಲವೆಂದು ಅರ್ಥ. ಈಗ ಅಲ್ಲಿರುವುದು ಹೊಸ ಸಡಿಲ ಮರಳು ಅಷ್ಟೆ, ಅದನ್ನು ನಂಬಿ ಬಸ್ಸಿರಲಿ, ನಡೆದು ಹೋಗುವವರನ್ನು ಬಿಡುವ ಧೈರ್ಯವೂ ನನಗಿರಲಿಲ್ಲ.

ಬಾವಿಗೆ ಇಳಿಸುವ ಸಿಮೆಂಟ್ ರಿಂಗನ್ನು ಮರಳಿನ ಮೇಲಿಟ್ಟು ಒಳಗಿನಿಂದ ಅಗೆಯುತ್ತಿದ್ದೆವು. ಮಣ್ಣು ತೆಗೆದಷ್ಟೂ ರಿಂಗು ಕೆಳಗಿಳಿಯುತ್ತದೆ, ಪಕ್ಕದ ಮರಳು ಕುಸಿಯುವುದಿಲ್ಲ. ನಮ್ಮ ಹಳೇ ಮೇಸ್ತ್ರಿ ಮೊದಲು ಇಳಿದ. ಮೊಣಕಾಲುದ್ದ ಹೋಯಿತು, ಸರಪಳಿ ಇಲ್ಲ. ಸೊಂಟದುದ್ದ ಹೋಯಿತು, ಇಲ್ಲ. ಎರಡನೆಯ ರಿಂಗು ಇಳಿಸಿದೆವು. ತಳದಲ್ಲಿ ನೀರು ಒಸರತೊಡಗಿತು. ಮೇಸ್ತ್ರಿಗೆ ಏದುಸಿರು ಬಂದಾಗ ಮೈದುನ ಅಂಗಿ ಬಿಚ್ಚಿಟ್ಟು ತಾನು ಇಳಿದ. ಸಿಟ್ಟಿನಿಂದ ಅಗೆಯುತ್ತಿದ್ದ. ಒಂದೊಂದು ಬಕೆಟ್ ಮೇಲೆ ಬಂದಾಗಲೂ ನಾನು ರಿಂಗಿನೊಳಗೆ ಬಗ್ಗಿ ನೋಡುತ್ತಿದ್ದೆ.

"ಸಿಗು, ಸಿಗು, ಸಿಗೇ ಪೀಡೆ," ಎಂದು ಬೈಯುತ್ತಿದ್ದೆ.

"ನನಗಾ ಅತ್ತಿಗೆ?" ಎಂದು ಅವನು ಕೆಳಗಿನಿಂದ ಕೇಳಿದ.

"ನಿನಗಲ್ಲ ಕಣೋ, ಸರಪಳಿಗೆ. ಮಾತು ಬೇಡ, ಅಗಿ."

ಎದೆಮಟ್ಟ ಹೋದ ಮೇಲೆ ಅವನನ್ನು ಹತ್ತಿಸಿ ನಾನೇ ಇಳಿದೆ. ಸಲಿಕೆಯ ಏಟಿಗೆ ಸರಪಳಿ ಅಲುಗಿದರೆ ಅಳತೆಯೇ ಹಾಳು, ಇನ್ನು ಕೈಯಲ್ಲೇ ಕೆದಕಬೇಕಿತ್ತು. ಮೊಣಕಾಲೂರಿ ಕೆಸರು ನೀರಿನಲ್ಲಿ ಭುಜದವರೆಗೆ ತೋಳು ಇಳಿಸಿದೆ. ಮರಳು, ಮರಳು, ಬರೀ ಮರಳು. ಆಮೇಲೆ ಬೆರಳಿಗೆ ತಣ್ಣಗೆ ಕಬ್ಬಿಣ ತಾಗಿತು. ಕೊಂಡಿಗಳು ಅಡ್ಡ ಮಲಗಿದ್ದವು. ಅವುಗಳ ಜಾಡು ಹಿಡಿದು ಬಂದರೆ ಒಂದು ಕಡೆ ಮಡಚಿ, ಅಲ್ಲಿಂದ ನೆಟ್ಟಗೆ ಕೆಳಗೆ ಇಳಿದಿತ್ತು. ಅಳತೆಗೋಲು ನಿಲ್ಲಿಸಿದೆ. ಕೆಂಪು ಗೆರೆ ಆ ಮಡಿಕೆಗಿಂತ ಒಂದು ಗೇಣು ಮೇಲಿತ್ತು.

ಆ ಗುಂಡಿಯಲ್ಲಿ ನಾನೊಬ್ಬಳೇ. ನೀರು ಕದಡಿ ಕಪ್ಪಾಗಿತ್ತು, ಮೇಲಿನಿಂದ ಬಗ್ಗಿದವರಿಗೆ ನನ್ನ ಕೈಯೂ ಕಾಣುತ್ತಿರಲಿಲ್ಲ. ಗೋಲನ್ನು ಎರಡು ಗೇಣು ಕೆಳಗೆ ಒತ್ತಿ 'ಸಿಕ್ಕಿತು, ಗೇಟು ತೆಗೀರಿ' ಎಂದು ಕೂಗಿದ್ದರೆ ಯಾರು ಕೇಳುತ್ತಿದ್ದರು? ಕೂಗಬೇಕೆಂದು ಬಾಯಿಯನ್ನೂ ತೆರೆದೆ.

"ಸಿಕ್ತಾ ಅತ್ತಿಗೆ?" ಮೈದುನನ ಮುಖ ಮೇಲೆ ಕಾಣಿಸಿತು.

"ಸಿಕ್ತು. ಗೆರೆಗಿಂತ ಕೆಳಗಿದೆ."

ಅವನು ರಿಂಗಿನೊಳಗೆ ತಲೆ ತೂರಿಸಿ ಸ್ವರ ತಗ್ಗಿಸಿದ. "ಮೇಲಿತ್ತು ಅಂದ್ಬಿಡಿ. ನೀವು ಬಿಟ್ರೆ ಯಾರೂ ನೋಡಿಲ್ಲ. ನಮ್ಮ ವ್ಯಾನ್ ದಾಟಿದ್ಮೇಲೆ ಮತ್ತೆ ಬೀಗ ಹಾಕಿ. ನಿಮ್ಮ ಕಾಲಿಗೆ ಬೀಳ್ತೀನಿ."

"ನಿನ್ನ ವ್ಯಾನ್ ಬಿಟ್ಟು ಹಿಂದಿರೋ ಬಸ್ಸಿಗೆ ಏನಂತ ಹೇಳ್ಲಿ? ಅದೂ ಹೋಗ್ಲಿ, ಆ ವ್ಯಾನಲ್ಲಿ ಇರೋದು ಯಾರೋ? ನನ್ನ ಗಂಡ ಕಣೋ! ನಡುಸೇತುವೇಲಿ ಕಂಬ ಕೂತ್ರೆ ನನಗೆ ಯಾರು ತಂದ್ಕೊಡ್ತಾರೆ?" ಎಂದು ಗದರಿದೆ. ಹಾಗೆ ಗದರಿದವಳು ಆ ಕೆಸರಿನಲ್ಲೇ ನಿಂತು ಅತ್ತೆ.

ಮೈಯೆಲ್ಲ ಕೆಸರಾಗಿ ವ್ಯಾನಿನ ಹತ್ತಿರ ಹೋದೆ. ಅವರ ಮುಖ, ಕಾಲು ಎಲ್ಲ ಊದಿದ್ದವು. ನನ್ನನ್ನು ನೋಡಿದೊಡನೆ, "ಎಷ್ಟು?" ಎಂದರು.

"ಗೆರೆಗಿಂತ ಒಂದು ಗೇಣು ಕೆಳಗೆ."

"ಒಂದು ಗೇಣು." ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. "ಒಂದು ಗೇಣಿಗೋಸ್ಕರ ನನ್ನ ಸಾಯಿಸ್ತೀಯೇನೇ?"

ನಮ್ಮ ಸಂಸಾರದಲ್ಲಿ ನಾನು ಜಗಳಗಂಟಿ, ಅವರು ತಮಾಷೆಯವರು. ನಾನು ಕಾಲು ಕೆರೆದು ಹೋದರೂ ನಗಿಸಿ ಸುಮ್ಮನಾಗಿಸುವ ಮನುಷ್ಯ. ಈಗ ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ.

"ಒಂದೇ ಒಂದ್ಸಲ ಸುಳ್ಳು ಹೇಳೇ. ನನಗೋಸ್ಕರ. ನಾನು ಯಾವತ್ತು ಏನು ಕೇಳಿದ್ದೀನಿ ನಿನ್ನ?"

"ಹೊತ್ಕೊಂಡು ದಾಟಿಸ್ತಾರೆ ರೀ, ಹೊಳೆಯಲ್ಲೇ. ಆಚೆ ದಡಕ್ಕೆ ಆಂಬುಲೆನ್ಸ್ ಬರೋಕೆ ಹೇಳಿದ್ದೀನಿ," ಎಂದೆ. ನನ್ನ ಸ್ವರ ನನಗೇ ಕಟುಕನ ಸ್ವರದಂತೆ ಕೇಳಿತು.

ಚಹಾದಂಗಡಿಯ ಪ್ಲಾಸ್ಟಿಕ್ ಕುರ್ಚಿಗೆ ಎರಡು ಬಿದಿರು ಗಳ ಕಟ್ಟಿದೆವು. ಹೊರಲು ಮೈದುನ ಮತ್ತು ಮೂರು ಜನ ಲಾರಿಯವರು ಬಂದರು. ಮೇಸ್ತ್ರಿ ಹೊಳೆಯ ಮೇಲ್ಭಾಗದ ಕಡೆ ಗದ್ದ ಎತ್ತಿ ತೋರಿಸಿದ. ನಮ್ಮ ತಲೆಯ ಮೇಲೆ ಬಿಸಿಲು ಸುಡುತ್ತಿತ್ತು, ದೂರದ ಗುಡ್ಡಗಳು ಮಾತ್ರ ಮೋಡದಲ್ಲಿ ಮುಚ್ಚಿಹೋಗಿದ್ದವು.

"ಅಲ್ಲಿ ಸುರೀತಿದೆ ಮೇಡಂ. ಹೊರಡೋದಾದ್ರೆ ಈಗ್ಲೇ ಹೊರಡ್ಬೇಕು."

ನಾನೂ ಸೀರೆ ಎತ್ತಿಕಟ್ಟಿದೆ. ತಕ್ಷಣ ಕಂಡಕ್ಟರ್ ಅಡ್ಡ ಬಂದ. "ಹೋಗಿ ಮೇಡಂ, ಪಾಪ, ಹೋಗ್ಲೇಬೇಕು. ಕೀ ಮಾತ್ರ ಕೊಟ್ಟು ಹೋಗಿ." ಅವನ ಹಿಂದೆ ಡ್ರೈವರುಗಳು ಗುಂಪು ಕಟ್ಟಿದ್ದರು. ಒಬ್ಬನ ಕೈಯಲ್ಲಿ ಕಬ್ಬಿಣದ ಸಲಾಕೆ ಇತ್ತು. ನಾನು ಬೆನ್ನು ತಿರುಗಿಸಿದರೆ ಬೀಗ ಒಡೆಯುವುದಕ್ಕೆ ಎಷ್ಟು ಹೊತ್ತು? ಬಸ್ಸಿನ ಕಿಟಕಿಗಳಲ್ಲಿ ಹೆಂಗಸರು, ಮಕ್ಕಳು ಕೂತಿದ್ದರು.

ಮೇಸ್ತ್ರಿಗೆ ಹೊಳೆ ಗೊತ್ತು, ಆದರೆ ಗೇಟು ಕಾಯುವ ಗಂಟಲು ಅವನಿಗಿಲ್ಲ. ಆ ಗಂಟಲು ಇರುವುದು ನನಗೆ. ಅಳತೆಗೋಲನ್ನು ಅವನ ಕೈಗೆ ಕೊಟ್ಟೆ.

"ನುಣ್ಣಗೆ ಕಾಣೋ ಮರಳಿನ ಮೇಲೆ ಕಾಲಿಡ್ಬೇಡಿ, ಅದು ಹೊಸದು, ನುಂಗುತ್ತೆ. ಸಣ್ಣ ಕಲ್ಲು ಹಾಸಿರೋ ದಿಬ್ಬ ಹಿಡ್ಕೊಂಡೇ ಹೋಗಿ, ಸುತ್ತಾದ್ರೂ ಪರವಾಗಿಲ್ಲ."

"ನೀನು ಬರಲ್ವಾ?" ಅವರು ಕುರ್ಚಿಯಿಂದ ಕೇಳಿದರು.

"ಇಲ್ಲ ರೀ."

ನಾಲ್ವರೂ ಗಳಗಳನ್ನು ಹೆಗಲಿಗೇರಿಸಿದರು.

ಗೇಟಿಗೆ ಬೆನ್ನು ಕೊಟ್ಟು ನಿಂತು ನೋಡಿದೆ. ಮೇಸ್ತ್ರಿ ಮುಂದೆ, ಗೋಲು ಚುಚ್ಚುತ್ತ ಹೋಗುತ್ತಿದ್ದ. ಕುರ್ಚಿ ಹಿಂದೆ ತೂಗಾಡುತ್ತ ಸಾಗಿತು. ಹೋದ ವರ್ಷ ಈ ದಡಕ್ಕೆ ಅಂಟಿಕೊಂಡು ಹರಿದಿದ್ದ ನೀರು ಈ ಸಲ ನಡುವೆ ಹೊಸ ಕಾಲುವೆ ತೋಡಿಕೊಂಡಿತ್ತು, ಅದನ್ನು ಹಾಯಲೇಬೇಕು. ಅಲ್ಲಿ ಮೈದುನನ ಒಂದು ಕಾಲು ತೊಡೆಯವರೆಗೆ ಕುಸಿಯಿತು. ಕುರ್ಚಿ ವಾಲಿತು. ಅವರ ಕಾಲು ನೀರಿಗೆ ಬಿತ್ತು, ಕೈ ಗಳವನ್ನು ಬಿಗಿಯಾಗಿ ಹಿಡಿದದ್ದು ಇಲ್ಲಿಂದಲೇ ಕಂಡಿತು.

ಆಗ ಕಾಲುವೆಯ ನೀರಿನಲ್ಲಿ ನೊರೆ ಕಂಡೆ. ನೊರೆಯ ಜೊತೆ ಪುಳ್ಳೆ, ಒಣಗಿದ ಮುಳ್ಳುಕಂಟಿ.

"ಬೇಗ! ನೀರು ಬರ್ತಿದೆ! ಬೇಗ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಗಾಳಿ ಎದುರಿತ್ತು, ಯಾರೂ ತಿರುಗಲಿಲ್ಲ. ಕಂಡಕ್ಟರ್ ಒಮ್ಮೆ ಹೊಳೆ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಜೇಬಿನಿಂದ ಸೀಟಿ ತೆಗೆದು ಕೆನ್ನೆ ಉಬ್ಬಿಸಿ ಊದಿದ, ಊದುತ್ತಲೇ ಇದ್ದ. ಮೇಸ್ತ್ರಿ ತಿರುಗಿ ನೋಡಿದ. ಲಾರಿಯವನೊಬ್ಬ ಮೈದುನನನ್ನು ರಟ್ಟೆ ಹಿಡಿದು ಎಳೆದು ಹಾಕಿದ. ಕುರ್ಚಿ ಮತ್ತೆ ಎದ್ದಿತು. ಹೊತ್ತವರು ಓಡಿದರು, ಬಿದ್ದರು, ಎದ್ದರು, ಆಚೆ ದಡ ಹತ್ತಿದರು. ಬಿಳಿ ಆಂಬುಲೆನ್ಸಿನ ಬಾಗಿಲು ಮುಚ್ಚುವುದನ್ನು ನೋಡಿ ನಾನು ಗೇಟಿಗೆ ಒರಗಿ ಕೂತೆ.

ಆಮೇಲೆ ನೆರೆ ಬಂತು. ನೀರಲ್ಲ ಅದು, ಅಂಬಲಿಯಂಥ ಮಣ್ಣು. ನಾವು ಅಗೆದ ಗುಂಡಿ, ಸಿಮೆಂಟ್ ರಿಂಗು, ಕಲ್ಲಿನ ದಿಬ್ಬ, ಎಲ್ಲವನ್ನೂ ಒಂದೇ ಗುಟುಕಿಗೆ ನುಂಗಿ ಕಂಬಗಳಿಗೆ ಅಪ್ಪಳಿಸಿತು. ಡ್ರೈವರುಗಳು ದಡದಲ್ಲಿ ಸಾಲಾಗಿ ನಿಂತರು. ಈಗ ಯಾರೂ ಕೀ ಕೇಳಲಿಲ್ಲ.

"ಬೀಳುತ್ತಾ ಮೇಡಂ?" ಕಂಡಕ್ಟರ್ ಮೆತ್ತಗೆ ಕೇಳಿದ.

ನಿಜ ಹೇಳುತ್ತೇನೆ, ಬೀಳಲಿ ಎಂದು ಕಾಯುತ್ತಿದ್ದೆ. ಹಲ್ಲು ಕಚ್ಚಿಕೊಂಡು, ಆ ಒಂದು ಕಂಬವನ್ನೇ ದಿಟ್ಟಿಸುತ್ತ, ಬೀಳು ಮಾರಾಯ, ಬಿದ್ದುಬಿಡು ಎಂದು ಬೇಡಿಕೊಳ್ಳುತ್ತಿದ್ದೆ. ಇಷ್ಟು ವರ್ಷ ಅದನ್ನು ಕಾಪಾಡಿ ಅನ್ನ ತಿಂದವಳು! ಬಿದ್ದರೆ ನನ್ನ ಗಂಡನಿಗೆ ತೋರಿಸಬಹುದಿತ್ತು. ನೋಡಿ, ಇದಕ್ಕೇ ನಾನು ಸುಳ್ಳು ಹೇಳಲಿಲ್ಲ ಎನ್ನಬಹುದಿತ್ತು.

ಸೇತುವೆ ಬೀಳಲಿಲ್ಲ. ಸಂಜೆಯ ಹೊತ್ತಿಗೆ ನೀರು ಇಳಿಮುಖವಾಯಿತು. ಕಂಬ ನೆಟ್ಟಗೆ ನಿಂತಿತ್ತು, ಸೇತುವೆಯ ತಡೆಗೋಡೆಯಲ್ಲಿ ಒಂದು ಬಿರುಕೂ ಇರಲಿಲ್ಲ.

ಆಗಲೇ ಮೈದುನನ ಫೋನು ಬಂತು. ಮಾತಾಡಿದವರು ಅವರೇ.

"ಡಯಾಲಿಸಿಸ್ ಮುಗೀತು."

"ಅಪ್ಪಾ! ಏನಾದ್ರೂ ತಿಂದ್ರಾ?"

"ತಿಂದೆ. ಮತ್ತೆ ನೆರೆ ಬಂತಂತೆ."

"ಬಂತು ರೀ."

"ಸೇತುವೆ ಬಿತ್ತಾ?"

"ಇಲ್ಲ."

"ವಾಲಿತಾ?"

"ಇಲ್ಲ ರೀ. ಗಟ್ಟಿಯಾಗಿ ನಿಂತಿದೆ."

ಆ ಕಡೆ ಯಾವುದೋ ಯಂತ್ರ ಕೀಂಕೀಂ ಎನ್ನುತ್ತಿತ್ತು.

"ಹಾಗಾದ್ರೆ ನಾನು ವ್ಯಾನಲ್ಲೇ ಬರಬಹುದಾಗಿತ್ತು," ಎಂದರು.

ಸಡಿಲ ಮರಳು, ಬಸ್ಸಿನ ಮಕ್ಕಳು, ಕಂಬದ ಬುಡ, ಎಲ್ಲವೂ ನಾಲಿಗೆಯ ತುದಿಗೆ ಬಂದವು. ಜಗಳಗಂಟಿ ನಾನು, ಉತ್ತರಕ್ಕೆ ಎಂದೂ ತಡವರಿಸಿದವಳಲ್ಲ.

"ಬರಬಹುದಾಗಿತ್ತು," ಎಂದೆ.

ಫೋನು ಕೈ ಬದಲಾಯಿತು. "ಅತ್ತಿಗೆ," ಎಂದ ಮೈದುನ, "ಅಣ್ಣ ಗೋಡೆ ಕಡೆ ತಿರುಗಿ ಮಲಗ್ಬಿಟ್ಟ."

"ಉಸಿರು ಹೇಗಿದೆ?"

"ಸಲೀಸಾಗಿದೆ. ಏನೂ ತೊಂದರೆ ಇಲ್ಲ."

ನನಗೆ ಅಷ್ಟೇ ತಾನೇ ಬೇಕಿದ್ದದ್ದು? ಅಷ್ಟು ಸಾಕು ಎಂದುಕೊಳ್ಳಲು ನೋಡಿದೆ. ಸಾಕಾಗಲಿಲ್ಲ.