ಚಾಸಿಗೆ ಬಳಿದ ವಿಭೂತಿ

ಜಡೇಸ್ವಾಮಿ ಕೊಟ್ಟ ಮಾತು ದೊಡ್ಡದೇನಲ್ಲ. ಹಳೇ ಕಾರಿನ ಚಾಸಿಯಲ್ಲಿ, ಅಂದರೆ ಕಾರಿನ ಮೈಯನ್ನೆಲ್ಲ ಹೊತ್ತ ಕಬ್ಬಿಣದ ತೊಲೆಯಲ್ಲಿ, ಬಲಗಡೆ ಹಿಂದಿನ ಚಕ್ರದ ಎದುರಿಗಿರುವ ಒಂದು ಗೇಣು ಜಾಗವನ್ನು ಕುಯ್ಯುವುದಿಲ್ಲ ಅಂತ. ಅಷ್ಟೆ. ಎಂಬತ್ತು ದಾಟಿದ ಗುರುಲಿಂಗಮ್ಮ ಮೊಮ್ಮಗನ ಬೈಕಿನಲ್ಲಿ ತಿಗನಾರೆಯಿಂದ ತಾಳವಾಡಿಗೆ ಬಂದು, ಅವನ ವೆಲ್ಡಿಂಗ್ ಶೆಡ್ಡಿನ ಮುಂದೆ ಇಳಿದು ಕೇಳಿಕೊಂಡದ್ದು ಅದೊಂದನ್ನೇ.

“ಅಲ್ಲಿ ಕಾರಿನ ಜೀವ ಅದೆ ಅಂತ ನಮ್ಮ ಯಜಮಾನ್ರು ಯೋಳಿ ವೋಗವ್ರೆ ಕಣ್ಲಾ ಜಡಿಯಾ. ಬೇಕಾದ ಕಡೆ ಕುಯ್ಕೊ, ಅದೊಂದ್ ಜಾಗ ಬುಟ್ಬುಡು.”

“ಬುಡ್ತೀನಿ ಅವ್ವೋರೆ. ನನ್ ಮಾತು,” ಅಂದ ಜಡೇಸ್ವಾಮಿ. ಬಾಯಲ್ಲಿ ಹಾಗೆ ಅಂದರೂ ಒಳಗೊಳಗೇ ನಗು ಬಂತು. ಕಾರಿಗೆ ಜೀವ ಅಂತ ಇದ್ದರೆ ಅದು ಇಂಜಿನ್ನಿನಲ್ಲಿರಬೇಕು, ತೊಲೆಯಲ್ಲಿ ಎಂಥ ಜೀವ?

ಆ ಕಾರಿನ ಪೂಜೆ ಸುತ್ತಲಿನವರಿಗೆಲ್ಲ ತಮಾಷೆಯ ವಿಷಯವಾಗಿತ್ತು. ಬೇರೆಯವರು ವರ್ಷಕ್ಕೊಮ್ಮೆ ಆಯುಧಪೂಜೆಗೆ ಬಾನೆಟ್ಟಿಗೆ ಹಾರ ಹಾಕಿ ಕೈಮುಗಿದರೆ, ಗುರುಲಿಂಗಮ್ಮ ಪ್ರತಿ ಸೋಮವಾರ ಕಾರಿನ ಹಿಂದಕ್ಕೆ ಹೋಗಿ, ಬಗ್ಗಿ, ಚಕ್ರದ ಸಂದಿಯಲ್ಲಿ ಕೈ ತೂರಿಸಿ ಚಾಸಿಗೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. “ಅವ್ವೋರ್ಗೆ ಹಸುಗೂ ಹಿಂದ್ಗಡೆ ಪೂಜೆ, ಕಾರ್ಗೂ ಹಿಂದ್ಗಡೆ ಪೂಜೆ” ಅಂತ ಆಳುಕಾಳುಗಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದರು. ಅರವತ್ತು ವರ್ಷದ ವಿಭೂತಿಗೆ ಎಣ್ಣೆ, ಧೂಳು ಸೇರಿ ಅಲ್ಲಿ ಕಲ್ಲಿನಂಥ ಹೆಕ್ಕಳೆ ಕಟ್ಟಿತ್ತು. ಅದರ ಕೆಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ.

ಕಾರನ್ನು ಗುರುಲಿಂಗಮ್ಮನ ಯಜಮಾನರು ಮೈಸೂರಿನಿಂದ ತಂದದ್ದು. ಹಡಗಿನಲ್ಲಿ ಬಂದ ಕಾರು, ಬೆಣ್ಣೆಯ ಬಣ್ಣ. ಅದರ ಸ್ವಂತ ಇಂಜಿನ್ನು ಎಂದೋ ಕೈಕೊಟ್ಟು, ಯಾವುದೋ ಡೀಸೆಲ್ ಇಂಜಿನ್ನು ಕೂತಿತ್ತು. ಹಳೆಯದೆಂದು ಉಳಿದಿದ್ದದ್ದು ಮೈ ಮತ್ತು ಚಾಸಿ ಮಾತ್ರ. ಆ ಕಾರಿನ ಋಣ ಜಡೇಸ್ವಾಮಿಯ ಮನೆಗೂ ಇತ್ತು. ಮೂವತ್ತು ವರ್ಷದ ಹಿಂದೆ ಅವನ ಹೆಂಡತಿ ದೊಡ್ಡಮಾದಮ್ಮ ಎರಡು ದಿನ ಹೆರಿಗೆ ನೋವು ತಿಂದು ಕಣ್ಣು ಮೇಲಕ್ಕೆ ಮಾಡಿದಾಗ ಹೊರಟದ್ದು ಇದೇ ಕಾರು. ಆಗೆಲ್ಲ ಅವನ ಜನ ಆ ಮನೆಯ ದನದ ಹಟ್ಟಿ ದಾಟಿ ಒಳಗೆ ಕಾಲಿಡುವಂತಿರಲಿಲ್ಲ. ಅಂಥದ್ದರಲ್ಲಿ ಗುರುಲಿಂಗಮ್ಮ ಹಿಂದಿನ ಸೀಟಿನಲ್ಲಿ ಕೂತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಚಾಮರಾಜನಗರದ ಆಸ್ಪತ್ರೆಯವರೆಗೂ ಹೋದರು. ಮಗಳು ರೇವತಿ ಹುಟ್ಟಿದಳು, ತಾಯಿಯೂ ಉಳಿದಳು. ಇಷ್ಟೆಲ್ಲ ಗೊತ್ತಿದ್ದೂ ಜಡೇಸ್ವಾಮಿ ಮಾಡಿದ್ದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಮೊಮ್ಮಗ ಗುರುಮೂರ್ತಿಗೆ ಕಾರನ್ನು ಮತ್ತೆ ರಸ್ತೆಗೆ ಇಳಿಸುವ ಆಸೆ. ಹಳೇ ಅಳತೆಯ ಸಣ್ಣ ಟಯರು ಈಗ ಎಲ್ಲೂ ಸಿಗುವುದಿಲ್ಲ. ಅವನು ತಂದದ್ದು ಅಗಲದ ಟಯರು, ಅದು ಒಳಗೆ ಚಾಸಿಗೆ ಉಜ್ಜುತ್ತಿತ್ತು. ಎರಡೂ ಕಡೆ ತೊಲೆಯನ್ನು ಚಂದ್ರದ ಆಕಾರಕ್ಕೆ ಕುಯ್ದು, ಒಳಗಿನಿಂದ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿದರೆ ಟಯರಿಗೆ ಜಾಗವಾಗುತ್ತದೆ.

“ಕೊಯಮತ್ತೂರಲ್ಲಿ ಕೇಳ್ದೆ ಜಡೇಸಾಮಣ್ಣ, ಎರಡು ತಿಂಗ್ಳು ಆಯ್ತದೆ ಅಂದ್ರು. ನಿನ್ ಕೈಲಿ ಆಗ್ದೆ ಇರೋ ಕೆಲ್ಸ ಯಾವ್ದದೆ ಯೋಳು?” ಎಂದು ಗುರುಮೂರ್ತಿ ಹೊಗಳಿ ಅಟ್ಟಕ್ಕೇರಿಸಿದ. ಜಡೇಸ್ವಾಮಿಯೂ ಏರಿದ.

ಎಡಗಡೆ ಕೆಲಸ ಹೂವೆತ್ತಿದ ಹಾಗೆ ಆಯಿತು. ಬಲಗಡೆಗೆ ಬಂದಾಗ, ಗುರುಲಿಂಗಮ್ಮ ಹೇಳಿದ ಜಾಗಕ್ಕೇ ಟಯರು ತಾಗುತ್ತಿತ್ತು. ದಾರಿ ಇರಲಿಲ್ಲವೆಂದಲ್ಲ. ಬೇರೆ ರಿಮ್ ಹಾಕಿ ಚಕ್ರವನ್ನು ಎರಡು ಇಂಚು ಹೊರಗೆ ತಳ್ಳಿದ್ದರೆ ನಡೆಯುತ್ತಿತ್ತು. ಆದರೆ ಟಯರು ಮಡ್‌ಗಾರ್ಡಿನಿಂದ ಆಚೆಗೆ ಉಬ್ಬುಹಲ್ಲಿನಂತೆ ಕಾಣುತ್ತಿತ್ತು. ನೋಡಿದವರು, ‘ಇದೇನು ಜಡೇಸ್ವಾಮಿ ಕೆಲಸವಾ’ ಅಂದಾರು ಎನ್ನುವುದೇ ಅವನಿಗೆ ದೊಡ್ಡದಾಯಿತು. ಒಂದು ಗುರುವಾರ ಬೆಳಿಗ್ಗೆ ಗ್ಯಾಸ್ ಕಟ್ಟರ್ ಹಚ್ಚಿ, ಹೆಕ್ಕಳೆ ಸಮೇತ ಆ ಜಾಗವನ್ನು ಕುಯ್ದೇಬಿಟ್ಟ. ಉಳಿಯಲ್ಲಿ ಒಮ್ಮೆ ಕೆರೆದು ನೋಡಿದ್ದರೆ ಸಾಕಿತ್ತು. ಕೆರೆಯಲಿಲ್ಲ. ತುಂಡು ಕೆಳಗೆ ಬಿತ್ತು, ಕಾಲಲ್ಲೇ ಹಳೇ ಕಬ್ಬಿಣದ ಗುಡ್ಡೆಗೆ ತಳ್ಳಿದ.

ಟಯರು ಕೂತಿತು. ಎರಡೂ ಕಡೆ ಒಂದೇ ಸಮ. ಮಧ್ಯಾಹ್ನದವರೆಗೂ ಅವನಿಗೆ ಸಂತೋಷವೋ ಸಂತೋಷ. ಊಟಕ್ಕೆ ಕೂತಾಗ ಸೋಮವಾರ ಅವ್ವೋರು ಬರುತ್ತಾರೆ ಅನ್ನುವುದು ನೆನಪಾಗಿ ಮುದ್ದೆಯನ್ನು ಅರ್ಧಕ್ಕೇ ಬಿಟ್ಟು ಎದ್ದ. ಕಾರು ಶೆಡ್ಡಿನಲ್ಲಿದ್ದರೂ ಪೂಜೆ ನಿಲ್ಲುವ ಹಾಗಿರಲಿಲ್ಲ.

ಆಗ ಅವನು ಎರಡನೆಯ ತಪ್ಪು ಮಾಡಿದ. ವಿಭೂತಿಗೆ ಕರಿ ಎಣ್ಣೆ, ಮಸಿ, ಮಣ್ಣು ಕಲಸಿ ಹೊಸ ತಗಡಿನ ಮೇಲೆ ದಪ್ಪಗೆ ಮೆತ್ತಿದ. ಒಣಗಿದ ಮೇಲೆ ಅದರ ಮೇಲೆ ಮೂರು ಗೆರೆ ಎಳೆದ. ಊಟದ ಪಾತ್ರೆ ತೆಗೆದುಕೊಂಡು ಹೋಗಲು ಬಂದ ದೊಡ್ಡಮಾದಮ್ಮ ಬಾಗಿಲಲ್ಲೇ ನಿಂತು ನೋಡಿದಳು.

“ಥೂ, ಏನ್ ಮಾಡ್ತಿದ್ದೀಯ? ನನ್ ತಲೆ ತೊಡೆ ಮೇಲ್ ಮಡಿಕಂಡು ವೋದೋರು ಕಣ ಅವ್ರು. ವೋಗಿ ತಪ್ಪಾಯ್ತು ಅಂತ ಯೋಳ್ಬುಡು. ಬಯ್ದ್ರೆ ಬಯ್ಯಿಸ್ಕೊ.”

“ಯೋಳ್ತೀನಿ. ಬಣ್ಣದ್ ಕೆಲ್ಸ ಮುಗೀಲಿ.”

“ಮಾತು ಆಡುದ್ರೆ ವೋಯ್ತು, ಮುತ್ತು ಒಡುದ್ರೆ ವೋಯ್ತು. ಮೊದ್ಲು ಯೋಳು,” ಅಂದು ಪಾತ್ರೆ ಎತ್ತಿಕೊಂಡು ಹೊರಟುಹೋದಳು.

ಸೋಮವಾರ ಗುರುಲಿಂಗಮ್ಮ ಬಂದರು. ಮಂಡಿ ಹಿಡಿದುಕೊಂಡು ಬಗ್ಗಿ, ಅವನ ಕಳ್ಳ ವಿಭೂತಿಯ ಮೇಲೆ ತಮ್ಮ ವಿಭೂತಿ ಎಳೆದು, ಕರ್ಪೂರ ಬೆಳಗಿ, “ಮಾತಿನಂಗೆ ನಡ್ಕಂಡೆ ಕಣ್ಲಾ, ಶಿವ ಚೆನ್ನಾಗಿ ಮಡಗ್ಲಿ” ಅಂದರು. ಕುಂಬಳಕಾಯಿ ಕಳ್ಳನಂತೆ ಅವನ ಕೈ ತಾನಾಗಿ ಹೆಗಲ ಮೇಲಿನ ಟವಲಿಗೆ ಹೋಯಿತು. ಹೇಳಬೇಕು ಅಂದುಕೊಂಡವನು ಕರ್ಪೂರಕ್ಕೆ ಕೈಯೊಡ್ಡಿ ಕಣ್ಣಿಗೊತ್ತಿಕೊಂಡ. ಎರಡನೆಯ ಸೋಮವಾರವೂ ಹೀಗೇ ಆಯಿತು. ಮೂರನೆಯದಕ್ಕೆ ಸುಳ್ಳು ರೂಢಿಯಾಗಿ, ಅವನೇ ಹೋಗಿ ಹೂವು ತಂದಿಟ್ಟಿದ್ದ. ಆ ಬುಧವಾರ ಗುಜರಿಯವನ ಗಾಡಿ ಬಂತು. ಶೆಡ್ಡು ಚೊಕ್ಕಟವಾಗಲಿ ಅಂತ ಗುಡ್ಡೆಯನ್ನೆಲ್ಲ ತಾನೇ ಎತ್ತಿ ಗಾಡಿಗೆ ತುಂಬಿದ.

ಅದರ ಮುಂದಿನ ವಾರ, ಶುಕ್ರವಾರ, ಕಾರು ದಿಂಬಂ ಘಾಟಿ ಇಳಿಯಿತು. ನೋಂದಣಿಯ ಗಡುವು ಮುಗಿದಿತ್ತು. ತಾಳವಾಡಿ ತಮಿಳುನಾಡಿಗೆ ಸೇರಿದ್ದರಿಂದ ಸತ್ಯಮಂಗಲದ ಆರ್‌ಟಿಓ ಆಫೀಸಿನಲ್ಲಿ ಕಾರು ತೋರಿಸಿ ಹೊಸದು ಮಾಡಿಸದೆ ರಸ್ತೆಗೆ ತರುವ ಹಾಗಿರಲಿಲ್ಲ. ಗುರುಮೂರ್ತಿ ಓಡಿಸಿದ, ಪಕ್ಕದಲ್ಲಿ ಜಡೇಸ್ವಾಮಿ, ಹಿಂದೆ ಗುರುಲಿಂಗಮ್ಮ. ಇಪ್ಪತ್ತೇಳು ತಿರುವಿನಲ್ಲೂ ಟಯರು ಎಲ್ಲೂ ಉಜ್ಜಲಿಲ್ಲ. ಕೆಲಸ ಅಷ್ಟು ಚೆನ್ನಾಗಿತ್ತು.

ಇನ್ಸ್‌ಪೆಕ್ಟರು ಕಾಗದಗಳನ್ನು ನೋಡಿ, ಇಂಜಿನ್ನು ಬೇರೆಯದಾದ್ದರಿಂದ ಅದರ ನಂಬರಿನಿಂದ ಏನೂ ಗೊತ್ತಾಗುವುದಿಲ್ಲ ಅಂದರು. ಚಾಸಿಯಲ್ಲಿ ಕೊರೆದ ನಂಬರಿನ ಮೇಲೆ ಹಾಳೆ ಇಟ್ಟು, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಡಿ, ಅದು ನೋಂದಣಿ ಪುಸ್ತಕದ ನಂಬರಿಗೆ ಹೊಂದಬೇಕು ಎಂದರು. “ನಂಬರ್ ಎಂಗೆ ಇರುಕ್ಕು?” ಎಂದು, ಅದು ಎಲ್ಲಿದೆ ಅಂತ ತಮಿಳಿನಲ್ಲಿ ಕೇಳಿದರು. ಜಡೇಸ್ವಾಮಿ ಜೀಪಿಗಿರುವಂತೆ ಮುಂದೆ ಇರಬಹುದೆಂದು ಮುಂದಿನ ತೊಲೆಯನ್ನೆಲ್ಲ ಚಿಂದಿಯಲ್ಲಿ ಒರೆಸಿ ಹುಡುಕಿದ. ಏನೂ ಇರಲಿಲ್ಲ.

ಹಿಂದಿನ ಬಾಗಿಲು ತೆರೆದು ಗುರುಲಿಂಗಮ್ಮ ಇಳಿದರು. ಮುಖದಲ್ಲಿ ಹೊಸ ಕಳೆ.

“ಕೊರ್ದಿರೋ ಅಕ್ಸರ ತಾನೆ? ನಂಗೊತ್ತು ಬನ್ನಿ. ನಾನು ಮದ್ವೆಯಾಗಿ ಬಂದ ವರ್ಸ ನಮ್ಮ ಯಜಮಾನ್ರು ನನ್ ಬೆಳ್ಳು ಇಡ್ಕಂಡು ಅದ್ರ ಮೇಲೆ ಆಡ್ಸಿದ್ರು. ‘ಇದು ಇರೋಗಂಟ ಕಾರು ನಮ್ದು, ಇದು ವೋದ್ರೆ ಯಾರ್ದೂ ಅಲ್ಲ, ನೋಡ್ಕೊ’ ಅಂದ್ರು. ಓದು ಬರ್ದಿರೋಳು, ಪೂಜೆ ಮಾಡ್ಕಂಡು ಕಾದೆ.”

ಜಡೇಸ್ವಾಮಿ ಕೈಯಲ್ಲಿದ್ದ ಚಿಂದಿಯಿಂದ ಮುಂದಿನ ತೊಲೆಯನ್ನೇ ಮತ್ತೆ ಒರೆಸತೊಡಗಿದ. ಗುರುಲಿಂಗಮ್ಮ ಬಲಗಡೆ ಚಕ್ರದ ಹತ್ತಿರ ಕುಕ್ಕರುಗಾಲಲ್ಲಿ ಕೂತು, ಬಾಟಲಿಯ ನೀರು ಚುಮುಕಿಸಿ, ಸೆರಗಿನಿಂದ ಉಜ್ಜಿದರು. ಅರವತ್ತು ವರ್ಷದ್ದು ಅಷ್ಟು ಸುಲಭಕ್ಕೆ ಬಿಡುವುದಿಲ್ಲ ಎಂದು ಅವರು ಜೋರಾಗಿಯೇ ಉಜ್ಜಿದ್ದರು. ಒಂದೇ ಕೈಗೆ ಎಲ್ಲ ಬಂದುಬಿಟ್ಟಿತು. ಕೆಳಗೆ ಹೊಸ ತಗಡು, ಅದರ ಸುತ್ತ ಜಡೇಸ್ವಾಮಿಯ ನೀಟಾದ ವೆಲ್ಡಿಂಗು. ಅವರು ಬೆರಳಾಡಿಸಿದರು. ಎತ್ತ ಆಡಿಸಿದರೂ ನುಣ್ಣಗಿತ್ತು.

ಇನ್ಸ್‌ಪೆಕ್ಟರು ಬಗ್ಗಿ ನೋಡಿ, ನಂಬರಿಲ್ಲದ ಕಾರಿಗೆ ತಾನು ಏನೂ ಮಾಡಲಾಗದು, ಕುಯ್ದ ತುಂಡು ಇದ್ದರೆ ತನ್ನಿ, ಅದನ್ನೇ ಮತ್ತೆ ಕೂರಿಸಿ ಮೇಲಿನವರಿಗೆ ಬರೆದು ನೋಡೋಣ ಎಂದು ಒಳಗೆ ಹೋದರು. ಗುರುಮೂರ್ತಿ ಜಡೇಸ್ವಾಮಿಯ ಕಡೆ ತಿರುಗಿ ಕೂಗಾಡಲು ಬಾಯಿ ತೆರೆದವನು ಅಜ್ಜಿಯ ಮುಖ ನೋಡಿ ಕಾಗದಗಳನ್ನು ಮಡಚತೊಡಗಿದ.

“ಈಗ ನಾನು ಇಷ್ಟ್ ದಿನ ಪೂಜೆ ಮಾಡಿದ್ದು ಯಾವ್ದುಕ್ಲಾ?” ಎಂದು ಗುರುಲಿಂಗಮ್ಮ ಕೂತಲ್ಲಿಂದಲೇ ಕೇಳಿದರು.

“ನನ್ ಸುಳ್ಗೆ ಅವ್ವೋರೆ.”

“ಕುಯ್ದಿದ್ದು ಕುಯ್ದೆ. ಆ ತುಂಡು ಎಲ್ಲದೆ?”

“ಗುಜರಿಯೋನು ತಕ್ಕಂಡ್ ವೋದ. ಅವ್ನು ಅದ್ನ ಮೇಟುಪಾಳ್ಯದಲ್ಲಿ ಕಬ್ಣ ಕರಗ್ಸೋರ್ಗೆ ಆಕ್ತಾನೆ. ಈಗ ಕರ್ಗಿ ವೋಗಿರ್ತದೆ.”

ಅವರು ಒದ್ದೆ ಸೆರಗನ್ನು ಹಿಂಡಿದರು. ಆಮೇಲೆ ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಅವನಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಅವ್ನು ತಕ್ಕಂಡ್ ವೋಗೋಗಂಟ ನಿನ್ ಶೆಡ್ನಲ್ಲೇ ಬಿದ್ದಿತ್ತಾ? ಎಷ್ಟ್ ದಿನ?”

“ಮೂರು ಸ್ವಾಮಾರ, ಅವ್ವೋರೆ.”

ಗುರುಲಿಂಗಮ್ಮ ತಲೆಯಾಡಿಸಿದರು. ಏಳಲು ಅವನ ಕಡೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಮೊಮ್ಮಗನನ್ನು ಕರೆದರು.